ಕೀರ್ತನೆ 46ರ ‘ಆಶ್ರಯ’ವೂ ಆಶ್ರಯನಗರದ ‘ಆಶ್ರಯ’ವೂ ಹೀಬ್ರೂವಿನಲ್ಲಿ ಒಂದೇ ಪದವೇ?

ಗಂಗಾವತಿ_ಪಾಠ:
ಎಲ್ಲರಿಗೂ ನಮಸ್ಕಾರ. ಯುವಕರ ಬೈಬಲ್ ತರಗತಿಗೆ ಕೀರ್ತನೆ 46 ಆರಿಸಿಕೊಂಡಿದ್ದೇನೆ. ಮೊದಲ ವಚನದ ‘ಆಶ್ರಯ’ ಅನ್ನುವುದು ಅರಣ್ಯಕಾಂಡ 35ರ ಆಶ್ರಯನಗರದ (ಕೈತಪ್ಪಿ ಕೊಂದವನು ಓಡಿಹೋಗಿ ಸೇರುವ ಊರು) ಪದವೇ ಎಂದು ಒಂದು ಟಿಪ್ಪಣಿ ಹೇಳುತ್ತದೆ. ಅದರ ಮೇಲೆ ಪಾಠ ಕಟ್ಟಬಹುದೇ? ಹೀಬ್ರೂ ಅಕ್ಷರ ಗುರುತಿಸಬಲ್ಲೆ, ವ್ಯಾಕರಣ ಬರುವುದಿಲ್ಲ. ನಾನೇ ಪರಿಶೀಲಿಸುವ ದಾರಿ ಇದ್ದರೆ ಅದನ್ನೂ ತಿಳಿಸಿ.

ಕೋಟೆಬದಿ (ಬಳ್ಳಾರಿ):
ಬೇರೆ ಬೇರೆ ಪದ ರೀ, ಧಾತುವೂ ಬೇರೆ. 46:1ರಲ್ಲಿರುವುದು ‘ಮಹ್‌ಸೆ’ (ಆ ವಚನದಲ್ಲಿ ಸ್ವರ ತುಸು ಬದಲಾಗಿ ‘ಮಹಸೆ’). ಧಾತು ‘ಹಾಸಾ’: ಹೇತ್, ಸಾಮೆಖ್, ಹೇ ಎಂಬ ಮೂರು ಅಕ್ಷರ. ಧಾತುವಿಗೆ ಮುಂದೆ ‘ಮ’ಕಾರ ಸೇರಿದರೆ ಎಷ್ಟೋ ಸಲ ಆ ಕೆಲಸ ನಡೆಯುವ ಜಾಗದ ಹೆಸರಾಗುತ್ತದೆ. ‘ಶಾಖನ್’ ಅಂದರೆ ವಾಸಿಸು, ‘ಮಿಷ್ಕಾನ್’ ವಾಸಸ್ಥಾನ. ಹಾಗೆಯೇ ‘ಹಾಸಾ’ ಅಂದರೆ ಮರೆಹೊಗು, ‘ಮಹ್‌ಸೆ’ ಮರೆಹೊಗುವ ತಾಣ. ಕನ್ನಡದ ‘ಮರೆಹೊಗು’ ಇದಕ್ಕೆ ಬಹಳ ಹತ್ತಿರ. ‘ನಂಬು’ ಅಂದರೆ ಅರ್ಧ ಅರ್ಥ ಹೋಗಿಬಿಡುತ್ತದೆ.

ಆಶ್ರಯನಗರದ್ದು ‘ಮಿಕ್ಲಾಟ್’. ಅದು 20 ಸಲ ಬರುತ್ತದೆ, ಎಲ್ಲವೂ ಅರಣ್ಯಕಾಂಡ, ಯೆಹೋಶುವ ಮತ್ತು 1 ಪೂರ್ವಕಾಲವೃತ್ತಾಂತದಲ್ಲಿ. ಕೀರ್ತನೆಗಳಲ್ಲಿ ಒಮ್ಮೆಯೂ ಇಲ್ಲ. ಧರ್ಮೋಪದೇಶಕಾಂಡ 19 ಅದೇ ನಗರಗಳ ವಿಷಯ ಹೇಳಿದರೂ ಈ ಪದ ಬಳಸುವುದಿಲ್ಲ.

‘ಮಹ್‌ಸೆ’ಯ ಅರ್ಥ ಹಿಡಿಯಬೇಕಾದರೆ ದೇವರ ವಿಷಯವಲ್ಲದ ಬಳಕೆಗಳನ್ನು ಮೊದಲು ನೋಡಿ. ಯೋಬ 24:8ರಲ್ಲಿ ಬಡವರು ಮಳೆಗೆ ನೆನೆದು, ಮಹ್‌ಸೆ ಇಲ್ಲದೆ ಬಂಡೆಯನ್ನು ತಬ್ಬಿಕೊಳ್ಳುತ್ತಾರೆ. ಕೀರ್ತನೆ 104:18ರಲ್ಲಿ ಬಂಡೆಯ ಸಂದು ಪುಟ್ಟ ಪ್ರಾಣಿಗಳಿಗೆ ಮಹ್‌ಸೆ. ಯೆಶಾಯ 4:6ರಲ್ಲಿ ಬಿರುಮಳೆಯಿಂದ ಕಾಯುವ ಮಹ್‌ಸೆ. ಯೆಶಾಯ 28:15ರಲ್ಲಿ ಜನ ಸುಳ್ಳನ್ನೇ ಮಹ್‌ಸೆ ಮಾಡಿಕೊಳ್ಳುತ್ತಾರೆ, 17ರಲ್ಲಿ ಆಲಿಕಲ್ಲು ಅದನ್ನು ಬಡಿದುಕೊಂಡು ಹೋಗುತ್ತದೆ. ಅಂದರೆ ಮೂಲದಲ್ಲಿ ಮಳೆ, ಬಿಸಿಲಿಗೆ ಒಳಸೇರುವ ಮರೆ. ಗೋಡೆ, ಬಾಗಿಲು, ಕಾವಲು ಅಲ್ಲ.

46:7 ಮತ್ತು 11ರಲ್ಲಿ ಇನ್ನೊಂದು ಪದವಿದೆ, ‘ಮಿಸ್ಗಾವ್’: ಕೈಗೆ ಸಿಗದ ಎತ್ತರ. ಆನೆಗೊಂದಿ ಬಂಡೆಗಳ ಸಂದಿನಲ್ಲಿ ಕುರಿಗಾಹಿ ಮಳೆಗೆ ನುಸುಳುವ ಜಾಗ ಮಹ್‌ಸೆ, ಬಳ್ಳಾರಿ ಗುಡ್ಡದ ಮೇಲಿನ ಕೋಟೆ ಮಿಸ್ಗಾವ್. ಇಂಗ್ಲಿಷಿನ ಹಳೆಯ ಕಿಂಗ್ ಜೇಮ್ಸ್ ಅನುವಾದ ಎರಡಕ್ಕೂ ಒಂದೇ ಪದ ಹಾಕಿದ್ದರಿಂದ ಓದುಗರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ.

ರಾಯಚೂರು_ಓದು:
ಟಿಪ್ಪಣಿ ಬರದವರು ಎಲ್ಲಿ ಎಡವ್ಯಾರ ಅನ್ನೋದಕ್ಕೆ ಗ್ರೀಕ್ ಒಂದು ಕಾರಣ ಇರಬಹುದು. ಹಳೆಯ ಗ್ರೀಕ್ ಅನುವಾದ ಸೆಪ್ಟುವಜಿಂಟ್‌ನ್ಯಾಗ ಈ ಕೀರ್ತನಿಯ ‘ಮಹ್‌ಸೆ’ಗೆ ‘ಕಟಫುಗೇ’ (ಓಡಿ ಸೇರೋ ಆಸರೆ) ಅಂತ ಅದ. ಧರ್ಮೋಪದೇಶಕಾಂಡ 19:5ರಾಗ ಕೊಂದವ ನಗರಕ್ಕ ಓಡೋದಕ್ಕೂ ಅದೇ ಧಾತುವಿನ ಕ್ರಿಯಾಪದ. ಇಬ್ರಿಯರಿಗೆ 6:18ರಾಗೂ ಅದೇ ಕ್ರಿಯಾಪದ ಬರ್ತದ. ಹಿಂಗಾಗಿ ಗ್ರೀಕ್ ದಾರಿಯಿಂದ ಎರಡನ್ನೂ ಜೋಡಸಬಹುದು, ಹೀಬ್ರೂ ದಾರಿಯಿಂದ ಆಗೂದಿಲ್ಲ. ಪಾಠದಾಗ ಯಾವ ದಾರಿ ಅಂತ ಹೇಳೇ ಜೋಡಸ್ರಿ.

ಪರಿಶೀಲನೆಗೆ ಸ್ಟ್ರಾಂಗ್ಸ್ ಸಂಖ್ಯೆ (ಬೈಬಲಿನ ಒಂದೊಂದು ಮೂಲ ಪದಕ್ಕೂ ಕೊಟ್ಟ ಸಂಖ್ಯೆ) ಸಾಕು: ಹಾಸಾ 2620, ಮಹ್‌ಸೆ 4268, ಮಿಕ್ಲಾಟ್ 4733, ಮಿಸ್ಗಾವ್ 4869. ಇಂಗ್ಲಿಷ್ ಪದ ಹಾಕಿ ಹುಡುಕಬ್ಯಾಡ್ರಿ. ‘ಹಾಸಾ’ವನ್ನ ಕಿಂಗ್ ಜೇಮ್ಸ್ ಬಹುತೇಕ ಕಡೆ ‘ಭರವಸೆ ಇಡು’ ಅನ್ನೋ ಅರ್ಥದ ಪದದಿಂದ ಅನುವಾದಿಸ್ಯದ; ಆ ವಚನ ಎಲ್ಲಾ ಕೈತಪ್ಪತಾವ.

ಇನ್ನೊಂದು, ವಚನದ ಸಂಖ್ಯೆ. ಹೀಬ್ರೂ ಮುದ್ರಣದಾಗ 46ರ ಶಿರೋನಾಮೆನೇ 1ನೇ ವಚನ. ನಮ್ಮ 46:1 ಅಲ್ಲಿ 46:2, ನಮ್ಮ 7 ಅಲ್ಲಿ 8. ಶಿರೋನಾಮೆ ಇಲ್ಲದ ಕೀರ್ತನೆ 91ರಾಗ ಈ ತೊಡಕಿಲ್ಲ. ಸಂಖ್ಯೆ ಒಂದು ಜಾರಿದರ ಪಕ್ಕದ ವಚನದ ಪದ ಹಿಡಕೊಂಡು ಕೂಡತೀರಿ. ಕೀರ್ತನೆ 142 ಇದಕ್ಕ ಛಲೋ ಅಭ್ಯಾಸ: ನಮ್ಮ ಎಣಿಕಿಯ 4ರಾಗ ‘ಮಾನೋಸ್’, ಓಡಿ ತಪ್ಪಿಸಿಕೊಳ್ಳೋ ಜಾಗ, ಅದು ಇಲ್ಲವಾಗ್ಯದ, 5ರಾಗ ‘ಮಹ್‌ಸೀ’, ನನ್ನ ಮಹ್‌ಸೆ ನೀನೇ ಅಂತಾನ.

ಗಂಗಾವತಿ_ಪಾಠ:
ತುಂಬಾ ಉಪಕಾರವಾಯಿತು. ಎರಡು ಸಣ್ಣ ಪ್ರಶ್ನೆ. ‘ಹೆಸೆದ್’ (ಕೃಪೆ) ಕೂಡ ‘ಹಾಸಾ’ದಿಂದಲೇ ಬಂದದ್ದೇ? ಕೀರ್ತನೆ 91:4ರ ರೆಕ್ಕೆಯ ಜೊತೆಗೂ ಇದೇ ಪದವೇ?

ಕೋಟೆಬದಿ (ಬಳ್ಳಾರಿ):
‘ಹೆಸೆದ್’ಗೂ ಇದಕ್ಕೂ ಸಂಬಂಧವಿಲ್ಲ. ಮೊದಲೆರಡು ಅಕ್ಷರ ಒಂದೇ ಆದರೂ ಮೂರನೆಯದು ‘ದಾಲೆತ್’. ಕನ್ನಡದಲ್ಲಿ ಹೇತ್, ಹೇ ಎರಡನ್ನೂ ‘ಹ’ ಎಂದೇ ಬರೆಯುವುದರಿಂದ ಗೊಂದಲ ಹೆಚ್ಚು. ಮೂರೂ ಅಕ್ಷರ ನೋಡದೆ ಧಾತು ನಿರ್ಧರಿಸಬೇಡಿ.

91:4ರಲ್ಲಿ ಇದೇ ಪದ: ‘ತಹತ್ ಕೆನಾಫಾವ್ ತೆಹ್‌ಸೆ’, ಆತನ ರೆಕ್ಕೆಗಳ ಕೆಳಗೆ ಮರೆಹೊಗುವಿ. ರೂತಳು 2:12ರಲ್ಲೂ ‘ಹಾಸಾ’ ಮತ್ತು ‘ಕಾನಾಫ್’ (ರೆಕ್ಕೆ) ಜೊತೆಗಿವೆ. 3:9ರಲ್ಲಿ ಅದೇ ‘ಕಾನಾಫ್’ ಬೋವಜನ ಬಟ್ಟೆಯ ಸೆರಗು. ‘ನಂಬು’ ಜೊತೆಗಿನ ವ್ಯತ್ಯಾಸಕ್ಕೆ 118:8 ಸಾಕು. ಅಲ್ಲಿ ಯೆಹೋವನಲ್ಲಿ ‘ಹಾಸಾ’, ಮನುಷ್ಯನ ಮೇಲೆ ‘ಬಾಟಹ್’ (ನಂಬು), ಒಂದೇ ಸಾಲಿನಲ್ಲಿ ಎರಡು ಕ್ರಿಯಾಪದ.

ಅರಣ್ಯಕಾಂಡ 35 ಹೇಳಲೇಬೇಕೆಂದರೆ ಅದನ್ನು ನ್ಯಾಯದ ಏರ್ಪಾಡಾಗಿಯೇ ಹೇಳಿ. ನಗರ 6: ಯೊರ್ದನಿನ ಪಶ್ಚಿಮಕ್ಕೆ ಕೆದೆಷ್, ಶೆಕೆಮ್, ಹೆಬ್ರೋನ್; ಪೂರ್ವಕ್ಕೆ ಬೆಚೆರ್, ರಾಮೋತ್, ಗೋಲಾನ್. ಓಡಿಬಂದವನು ಊರಬಾಗಿಲಲ್ಲಿ ನಿಂತು ಹಿರಿಯರಿಗೆ ಸಂಗತಿ ತಿಳಿಸಬೇಕು (ಯೆಹೋಶುವ 20:4), ಆಮೇಲೆ ವಿಚಾರಣೆ. ಬೇಕೆಂದೇ ಕೊಂದವನಿಗೆ ಅಲ್ಲಿ ರಕ್ಷಣೆ ಇಲ್ಲ. ಕೈತಪ್ಪಿ ಕೊಂದವನಾದರೆ ಮಹಾಯಾಜಕ ಸಾಯುವವರೆಗೆ ಅಲ್ಲೇ ಇರಬೇಕು. ಹಣ ಕೊಟ್ಟು ಮೊದಲೇ ಬಿಡಿಸಿಕೊಳ್ಳುವಂತಿಲ್ಲ, ಗಡಿ ದಾಟಿದರೆ ಸತ್ತವನ ಬಂಧು ಕೊಂದರೂ ಅಪರಾಧವಲ್ಲ. ಕೀರ್ತನೆ 46ರ ಮಹ್‌ಸೆಗೆ ಈ ಯಾವ ಷರತ್ತೂ ಇಲ್ಲ. ಅಲ್ಲಿ ಭೂಮಿಯೇ ಮಾರ್ಪಟ್ಟು ಬೆಟ್ಟಗಳು ಸಮುದ್ರಕ್ಕೆ ಜಾರುತ್ತಿವೆ. ಮರೆಹೊಗುವವರ ಕೈಯಲ್ಲಿ ರಕ್ತವಿದೆ ಎಂದು ಕೀರ್ತನೆಕಾರ ಎಲ್ಲೂ ಹೇಳುವುದಿಲ್ಲ. ನಿಮ್ಮ ಪಾಠವನ್ನು 2 ಮತ್ತು 3ನೇ ವಚನದಿಂದ ಕಟ್ಟಿ, ಕೊಲೆಗಾರನ ಓಟದಿಂದ ಬೇಡ.