ಸಾಲು ‘ಜಸ್ಟಿಫೈ’ ಮಾಡುವುದಕ್ಕೆ ‘ಬರೋಬ್ಬರಿ’ ಎನ್ನಬಹುದೇ?

ಎಲ್ಲರಿಗೂ ಶರಣು.

ಪದವೊಂದು ಸಿಕ್ಕಿದೆ. ಅಚ್ಚಿಗೆ ಕಳಿಸುವ ಮೊದಲು ನಿಮ್ಮ ಮುಂದಿಡೋಣ ಅನ್ನಿಸಿತು.

ನಾನು ಕಲಬುರಗಿಯಲ್ಲಿ ಭೌತಶಾಸ್ತ್ರ ಪಾಠ ಮಾಡುವವನು. ವಿಜ್ಞಾನದ ಲೇಖನ, ಪ್ರಾಜೆಕ್ಟ್ ವರದಿಗಳನ್ನು ಕನ್ನಡದಲ್ಲಿ ಬರೆಯುವ ಹುಡುಗ ಹುಡುಗಿಯರು ನಮ್ಮಲ್ಲಿ ಈಗೀಗ ಸಿಗುತ್ತಿದ್ದಾರೆ. ಅವರಿಗೆಂದು ಲೇಟೆಕ್ ಎಂಬ ಪುಟ ಜೋಡಿಸುವ ತಂತ್ರಾಂಶ ಬಳಸಿ ಹಸ್ತಪ್ರತಿ ಸಿದ್ಧಪಡಿಸುವ ಬಗೆಯನ್ನು ತಿಳಿಸುವ ಸಣ್ಣದೊಂದು ಕೈಪಿಡಿ ಬರೆಯುತ್ತಿದ್ದೇನೆ. (ಲೇಟೆಕ್ ಎಂದೇ ಬರೆಯಿರಿ, ದಯವಿಟ್ಟು. TeX ಎಂದು ಬರೆಯುವ ಟೆಕ್‌ನ ಕೊನೆಯ ಅಕ್ಷರ ಗ್ರೀಕಿನದು, ‘ಕ್ಸ್’ ಅಲ್ಲ. ಒಬ್ಬ ವಿದ್ಯಾರ್ಥಿ ‘ಲೇಟೆಕ್ಸ್ ಬೇಕು’ ಎಂದು ಚೀಟಿ ಬರೆದು ಕಳಿಸಿದ್ದಕ್ಕೆ ಪ್ರಯೋಗಾಲಯದವರು ಒಂದು ಡಬ್ಬಿ ರಬ್ಬರ್ ಕೈಗವಸು ಕೊಟ್ಟು ಕಳಿಸಿದ್ದರು.)

ಕೈಪಿಡಿಯ ಮೊದಲ ಕರಡಿನಲ್ಲಿ ಒಂದು ಅನಾಹುತವಾಯಿತು. ಪುಟದ ಎರಡೂ ಅಂಚಿಗೆ ಸಾಲು ಸಮ ಬರುವಂತೆ ಮಾಡುತ್ತೇವಲ್ಲ, ಇಂಗ್ಲಿಷಿನಲ್ಲಿ ಜಸ್ಟಿಫೈ ಎನ್ನುವುದು, ಅದಕ್ಕೆ ಅವಸರದಲ್ಲಿ ಯಂತ್ರಾನುವಾದ ಕೊಟ್ಟದ್ದನ್ನೇ ಹಾಕಿಬಿಟ್ಟಿದ್ದೆ: ‘ಪಠ್ಯವನ್ನು ಸಮರ್ಥಿಸಿ’. ಕರಡು ಓದಿದ ಹುಡುಗಿ ಮರುದಿನ ಬಂದು ಕೇಳಿದಳು: “ಸರ್, ಪಠ್ಯ ಸಮರ್ಥನ ಮಾಡ್ರಿ ಅಂತ ಬರ್ದೀರಿ. ಯಾರ ಮುಂದ ಮಾಡ್ಬೇಕ್ರಿ, ಗೈಡ್ ಮುಂದೇನ್ರಿ?”

ನಕ್ಕು ಮುಗಿಸಿದ ಮೇಲೆ ಯೋಚಿಸಿದೆ. ತಪ್ಪು ಯಂತ್ರದ್ದಷ್ಟೇ ಅಲ್ಲ. ಜಸ್ಟಿಫೈ ಎಂಬ ಇಂಗ್ಲಿಷ್ ಮಾತಿಗೆ ಎರಡು ಬಾಳುವೆ ಇವೆ. ಒಂದು ಕೋರ್ಟಿನದು, ‘ನಾನು ಮಾಡಿದ್ದು ಸರಿ’ ಎಂದು ವಾದಿಸುವುದು. ಇನ್ನೊಂದು ಅಚ್ಚುಕೂಟದ್ದು, ‘ಸರಿಯಾಗಿ ಕೂರಿಸು’ ಎಂಬುದು. ಸೀಸದ ಮೊಳೆ ಜೋಡಿಸುವ ಕಾಲದಲ್ಲಿ ಕಂಪಾಜಿಟರ್ ಒಂದು ಕೈಯಲ್ಲಿ ಸ್ಟಿಕ್ ಎಂಬ ಸಣ್ಣ ಚೌಕಟ್ಟು ಹಿಡಿದು ಮೊಳೆಗಳನ್ನು ಸಾಲಾಗಿ ಇಡುತ್ತ ಹೋಗುತ್ತಿದ್ದ. ಸಾಲಿನ ಕೊನೆಗೆ ಬಂದಾಗ ಜಾಗ ಉಳಿದರೆ ಪದಗಳ ನಡುವಿನ ತೆಳು ತುಂಡು ತೆಗೆದು ದಪ್ಪ ತುಂಡು ಇಡುವುದು, ಜಾಗ ಸಾಲದಿದ್ದರೆ ದಪ್ಪದ್ದು ತೆಗೆದು ತೆಳುವಿನದು ಇಡುವುದು. ಸಾಲು ಸ್ಟಿಕ್ಕಿನೊಳಗೆ ಅಲುಗಾಡದೆ ಬಿಗಿಯಾಗಿ ನಿಲ್ಲಬೇಕು, ಇಲ್ಲದಿದ್ದರೆ ಅಚ್ಚಾಗುವಾಗ ಮೊಳೆ ಕಿತ್ತುಬರುತ್ತದೆ. ಅಂದಕ್ಕಿಂತ ಮೊದಲು ಅದು ಬಿಗಿಯ ಪ್ರಶ್ನೆಯಾಗಿತ್ತು.

ಈಗ ಸೀಸವಿಲ್ಲ. ಆದರೆ ಕೆಲಸ ಅದೇ. ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕನೂತ್ ತಮ್ಮ ಪುಸ್ತಕದ ಎರಡನೇ ಆವೃತ್ತಿಯ ಕರಡಚ್ಚು ನೋಡಿ ಬೇಸರಪಟ್ಟು 1977ರಲ್ಲಿ ಟೆಕ್ ಎಂಬ ಅಚ್ಚುಜೋಡಣೆ ತಂತ್ರಾಂಶದ ಕೆಲಸಕ್ಕೆ ಕೈಹಾಕಿದರು. ಅದರ ಮೇಲೆ ಲೆಸ್ಲಿ ಲ್ಯಾಂಪೋರ್ಟ್ 80ರ ದಶಕದಲ್ಲಿ ಲೇಟೆಕ್ ಕಟ್ಟಿದರು. ಟೆಕ್‌ನ ಜಾಣತನವೆಲ್ಲ ಈ ಒಂದು ಕೆಲಸದಲ್ಲಿ ಕಾಣುತ್ತದೆ. ಸಾಧಾರಣ ವರ್ಡ್ ಪ್ರೊಸೆಸರ್ ಒಂದು ಸಾಲು ತುಂಬಿತೆಂದರೆ ಅದನ್ನು ಬಿಟ್ಟು ಮುಂದಿನದಕ್ಕೆ ಹೋಗುತ್ತದೆ. ಟೆಕ್ ಇಡೀ ಪ್ಯಾರಾ ಓದಿ, ಎಲ್ಲೆಲ್ಲಿ ಮುರಿದರೆ ಒಟ್ಟಾರೆ ಚೆಂದ ಎಂದು ಲೆಕ್ಕ ಹಾಕುತ್ತದೆ. ಪದಗಳ ನಡುವಿನ ಸಂದಿ ಎಷ್ಟು ಹಿಗ್ಗಿತು, ಎಷ್ಟು ಕುಗ್ಗಿತು ಎಂಬುದರ ಮೇಲೆ ಪ್ರತಿ ಸಾಲಿಗೂ ಒಂದು ‘ಕೆಟ್ಟತನ’ದ ಅಂಕ. ಇಷ್ಟು ಹಿಗ್ಗಬಹುದೆಂದು ಗೊತ್ತುಮಾಡಿದಷ್ಟೇ ಹಿಗ್ಗಿದರೆ 100, ಅದರ ಎರಡು ಪಟ್ಟು ಹಿಗ್ಗಿದರೆ ಸುಮಾರು 800. ಘನದ ಲೆಕ್ಕದಲ್ಲಿ ಏರುತ್ತದೆ. 10000 ಎಂದರೆ ಕೈಚೆಲ್ಲಿದೆ ಎಂದರ್ಥ. ನಮ್ಮ ಹುಡುಗರಿಗೆ ಪರದೆಯ ಮೇಲೆ ಕಾಣುವ ‘ಅಂಡರ್‌ಫುಲ್ ಎಚ್‌ಬಾಕ್ಸ್, ಬ್ಯಾಡ್‌ನೆಸ್ 10000’ ಎಂಬ ಬೈಗುಳ ಇದೇ.

ಕನ್ನಡದಲ್ಲಿ ಈ ಬೈಗುಳ ಜಾಸ್ತಿ. ಕಾರಣ ನಮ್ಮ ಪದಗಳ ಉದ್ದ. ‘ಸಾಪೇಕ್ಷತಾಸಿದ್ಧಾಂತದಲ್ಲಿರುವಂತೆ’ ಎಂಬುದು ಒಂದೇ ಪದ. ಇಂಗ್ಲಿಷಿನಲ್ಲಿ ಅದೇ ಮಾತಿಗೆ ಐದಾರು ಪದ, ಅಂದರೆ ಹಿಗ್ಗಿಸಲು ನಾಲ್ಕೈದು ಸಂದಿ. ಎರಡು ಕಾಲಮ್ಮಿನ ಪುಟದಲ್ಲಿ ಕನ್ನಡ ಸಾಲೊಂದರಲ್ಲಿ ಮೂರೇ ಪದ ಕೂತರೆ ಸಂದಿ ಎರಡೇ. ಉಳಿದ ಜಾಗವನ್ನೆಲ್ಲ ಆ ಎರಡೇ ಹೊರಬೇಕು. ಪದ ಒಡೆಯಲು ಬಿಟ್ಟರೆ ಸ್ವಲ್ಪ ಉಸಿರಾಟ. ಸಂತೋಷ್ ತೊಟ್ಟಿಂಗಲ್ ಅವರು ಭಾರತೀಯ ಭಾಷೆಗಳಿಗೆ ಬರೆದ ಪದ ಒಡೆಯುವ ಕಟ್ಟಳೆಗಳಲ್ಲಿ ಕನ್ನಡವೂ ಇದೆ. ಯುನಿಕೋಡ್ ಬಲ್ಲ ಟೆಕ್ ಆದ ಜೀಟೆಕ್‌ನಲ್ಲಿ ಪಾಲಿಗ್ಲೋಸಿಯಾ ಎಂಬ ಭಾಷೆಗಳ ಪ್ಯಾಕೇಜ್ ಹಾಕಿ ಭಾಷೆ ಕನ್ನಡ ಎಂದು ಹೇಳಿದರೆ ‘ವಿ-ಜ್ಞಾನ’ ಎಂದು ಒಡೆಯುತ್ತದೆ, ‘ವಿಜ್-ಞಾನ’ ಎಂದು ಒತ್ತಕ್ಷರದ ಹೊಟ್ಟೆ ಸೀಳುವುದಿಲ್ಲ. ‘ನುಡಿ’ ತಂತ್ರಾಂಶದ ಹಳೆಯ ಕಡತವನ್ನು ಹಾಗೇ ತಂದು ಸುರಿದರೆ ಮಾತ್ರ ಏನೂ ಆಗದು. ಅದು ಯುನಿಕೋಡ್ ಅಲ್ಲವಾದ್ದರಿಂದ ಲ್ಯಾಟಿನ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಇರಲಿ, ಅದು ಬೇರೆ ಗೋಳು.

ಪದದ ವಿಷಯಕ್ಕೆ ಬರುತ್ತೇನೆ. ಮೊದಲು ‘ಹೊಂದಿಸು’ ಎಂದು ತಿದ್ದಿದೆ. ಎಡಕ್ಕೆ ಹೊಂದಿಸು, ಬಲಕ್ಕೆ ಹೊಂದಿಸು, ನಡುವಿಗೆ ಹೊಂದಿಸು, ಆಮೇಲೆ ಇದಕ್ಕೇನು? ‘ಎರಡಕ್ಕೂ ಹೊಂದಿಸು’ ಎಂದರೆ ತಪ್ಪೇನಿಲ್ಲ, ಆದರೆ ಸಂದಿ ಹಿಗ್ಗುತ್ತದೆ ಎಂಬ ಮುಖ್ಯ ಸಂಗತಿ ಅದರಲ್ಲಿಲ್ಲ. ಸಾಲದ್ದಕ್ಕೆ ಸೆಟ್ಟಿಂಗ್, ಅಡ್ಜಸ್ಟ್ ಎಲ್ಲಕ್ಕೂ ಅದೇ ‘ಹೊಂದಿಸು’. ‘ಸಮಗೊಳಿಸು’ ಗಣಿತದ ಸಮೀಕರಣದ ವಾಸನೆ ಹೊಡೆಯಿತು. ‘ಸರಿದೂಗಿಸು’ ಚೆನ್ನಾಗಿದೆ, ಆದರೆ ತಕ್ಕಡಿ ಕಣ್ಣಮುಂದೆ ಬರುತ್ತದೆ. ನಮ್ಮ ಸೂಪರ್ ಮಾರ್ಕೆಟ್ ಕಡೆಯ ಡಿಟಿಪಿ ಅಂಗಡಿಗೆ ಹೋಗಿ ಕೇಳಿದರೆ, ಪುಟ ಜೋಡಿಸುವ ಪೇಜ್‌ಮೇಕರ್ ತಂತ್ರಾಂಶದ ಮುಂದೆ ಇಪ್ಪತ್ತು ವರ್ಷ ಕೂತ ಆಪರೇಟರು “ಜಸ್ಟಿಫೈಗಿ ಜಸ್ಟಿಫೈನೇ ಅಂತೀವ್ರಿ. ಲಗ್ನಪತ್ರಿಕಾಕ್ಕ ಫೋರ್ಸ್ ಜಸ್ಟಿಫೈ” ಎಂದು ಮುಗಿಸಿದರು.

ಉತ್ತರ ಸಿಕ್ಕಿದ್ದು ಪಕ್ಕದ ಮನೆಯಲ್ಲಿ. ಅಲ್ಲಿ ಪಡಸಾಲೆಗೆ ಶಹಾಬಾದಿ ಫರಸಿ ಹಾಕಿಸುತ್ತಿದ್ದರು. ಗೌಂಡಿ ಕಲ್ಲು ಇಡುತ್ತ ಇಡುತ್ತ ಗೋಡೆಯ ಹತ್ತಿರ ಬಂದಾಗ ನಾಲ್ಕು ಬೆರಳು ಜಾಗ ಉಳಿಯಿತು. ಅಷ್ಟಕ್ಕಾಗಿ ಕಲ್ಲು ಕತ್ತರಿಸಿ ಚೂರು ಕೂರಿಸಲು ಅವನಿಗೆ ಮನಸ್ಸಿಲ್ಲ. ಕೈಕೆಳಗಿನ ಹುಡುಗನಿಗೆ ಹೇಳಿದ: “ಏ ತಮ್ಮಾ, ಮದಲಿಂದ ಸಂದಿ ಜರಾ ಜರಾ ಬಿಟ್ಟು ಬಾ. ಗ್ವಾಡಿಗಿ ಬರೋಬ್ಬರಿ ಕೂಡ್ತದ.” ಹುಡುಗ ಕಲ್ಲುಗಳನ್ನೆಲ್ಲ ಒಂಚೂರು ಒಂಚೂರು ಸರಿಸಿದ. ಸಾಲು ಗೋಡೆಗೆ ಹೋಗಿ ನಿಂತಿತು. ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೆ ಕನೂತರ ಲೆಕ್ಕವೆಲ್ಲ ನೆಲದ ಮೇಲೆ ಬಿದ್ದಿರುವುದು ಕಂಡಿತು. ಕಲ್ಲು ಹಿಗ್ಗುವುದಿಲ್ಲ, ಸಂದಿ ಹಿಗ್ಗುತ್ತದೆ; ಹಿಗ್ಗುವುದನ್ನು ಎಲ್ಲ ಸಂದಿಗೂ ಹಂಚಬೇಕು, ಒಂದಕ್ಕೇ ಹೊರಿಸಬಾರದು.

ಇನ್ನೊಂದು ಬದಿಯಲ್ಲಿ, ಇನ್ನೂ ಕೂರಿಸದ ಕಲ್ಲುಗಳು ಉದ್ದ ಗಿಡ್ಡವಾಗಿ ನಿಂತಿದ್ದವು. “ಆ ಕಡಿ ಹಲ್ಲು ಹಲ್ಲು ಅದರೀ, ಅದು ಆಮ್ಯಾಲ” ಎಂದ. ಎಡಕ್ಕೆ ಮಾತ್ರ ಹೊಂದಿಸಿ ಬಲ ಅಂಚು ಬಿಟ್ಟ ಪಠ್ಯಕ್ಕೆ ‘ಹಲ್ಲಂಚು’ ಎಂದು ಅಲ್ಲೇ ಬರೆದುಕೊಂಡೆ. ಅದರ ಬಗ್ಗೆ ನನಗೆ ಅನುಮಾನವಿಲ್ಲ. ತಕರಾರಿದ್ದರೆ ಹೇಳಿ.

‘ಬರೋಬ್ಬರಿ’ಯ ಬಗ್ಗೆಯೇ ಅನುಮಾನ. ನಮ್ಮ ಭಾಗದಲ್ಲಿ ಅದು ದಿನಕ್ಕೆ ಐವತ್ತು ಸಲ ಬಾಯಲ್ಲಿ ಬರುವ ಮಾತು. ‘ಹಿಸಾಬ ಬರೋಬ್ಬರಿ ಆಯ್ತು’ ಎಂದರೆ ಲೆಕ್ಕ ಚುಕ್ತಾ. ‘ನೀ ಹೇಳಿದ್ದು ಬರೋಬ್ಬರಿ ಅದ’ ಎಂದರೆ ಸರಿ. ‘ಗ್ವಾಡಿ ಬರೋಬ್ಬರಿ ಇಲ್ಲ’ ಎಂದರೆ ಓರೆ. ಮೂಲ ಫಾರಸಿಯ ಬರಾಬರ್: ‘ಬರ್’ ಎಂದರೆ ಎದೆ, ಎದೆಗೆ ಎದೆ ಸಮ ನಿಂತದ್ದು ಬರಾಬರ್. ಸಾಲಾಗಿ ನಿಂತ ಸಿಪಾಯಿಗಳ ಚಿತ್ರ ಬರುತ್ತದೆ. ಹಿಂದಿಯ, ಮರಾಠಿಯ ಬಾಗಿಲಲ್ಲೂ ಓಡಾಡಿದ ಮಾತು. ನಿಜಾಮರ ರಾಜ್ಯದಲ್ಲಿ 1948ರವರೆಗೆ ಕಚೇರಿಯ ಭಾಷೆ ಉರ್ದುವಾಗಿದ್ದ ನಮಗೆ ಇದು ಹೊರಗಿನದು ಅನ್ನಿಸುವುದೇ ಇಲ್ಲ. ಎರಡೂ ಅಂಚಿಗೆ ಸಾಲು ಸಮ ನಿಲ್ಲಿಸುವುದಕ್ಕೆ ಇದಕ್ಕಿಂತ ಒಪ್ಪುವ ಮಾತು ನನಗೆ ಹೊಳೆಯುತ್ತಿಲ್ಲ. ಅಚ್ಚುಕೂಟದ ಇಂಗ್ಲಿಷ್ ಪದದಲ್ಲಿ ‘ಸರಿ’ ಹೇಗೆ ಅಡಗಿದೆಯೋ ಇದರಲ್ಲೂ ಹಾಗೆಯೇ.

ಆದರೆ ಪತ್ರಿಕೆಗಳ ಕನ್ನಡದಲ್ಲಿ ಇದು ಬೇರೆಯೇ ಆಗಿಬಿಟ್ಟಿದೆ. ‘ಬರೋಬ್ಬರಿ 50 ಕೋಟಿ’, ‘ಬರೋಬ್ಬರಿ 12 ಗಂಟೆ’. ಇಲ್ಲಿ ಅದರ ಕೆಲಸ ಓದುಗರು ಹುಬ್ಬೇರಿಸುವಂತೆ ಮಾಡುವುದು, ‘ಅಬ್ಬಾ, ಅಷ್ಟೊಂದಾ’ ಎನ್ನಿಸುವುದು. ಮೈಸೂರಿನಿಂದ ಬಂದ ನಮ್ಮ ಸಹೋದ್ಯೋಗಿಯೊಬ್ಬರಿಗೆ ಕರಡು ತೋರಿಸಿದೆ. ‘ಅಕ್ಷರ ಬರೋಬ್ಬರಿ 12 ಪಾಯಿಂಟ್ ಇರಲಿ’ ಎಂಬ ವಾಕ್ಯದಲ್ಲಿ ಅವರು ನಿಂತೇಬಿಟ್ಟರು. “12 ಪಾಯಿಂಟ್ ಅಂದ್ರೆ ಮಾಮೂಲಿ ಅಲ್ವಾ? ಇದರಲ್ಲಿ ಬರೋಬ್ಬರಿ ಏನಿದೆ?” ನನ್ನ ಅರ್ಥ ‘ಕರಾರುವಾಕ್ಕಾಗಿ 12’, ಅವರಿಗೆ ಕೇಳಿಸಿದ್ದು ‘ಹನ್ನೆರಡಾ! ಅಬ್ಬಬ್ಬಾ!’. ಆ ವಾಕ್ಯವನ್ನು ‘ಸರಿಯಾಗಿ 12’ ಎಂದು ತಿದ್ದಿದ್ದೇನೆ. (ಟೆಕ್‌ನ ಪಾಯಿಂಟು ಅಂಗುಲಕ್ಕೆ 72.27, ಪೇಜ್‌ಮೇಕರಿನದು 72. ಹಾಗಾಗಿ ‘ಸರಿಯಾಗಿ’ ಎನ್ನುವುದೂ ಯಾರ 12 ಎಂದು ಕೇಳಿಯೇ.) ಪದ ಅಂಕಿಯ ಹಿಂದೆ ಬಂದಾಗಲೇ ಈ ಗೊಂದಲ ಹುಟ್ಟುತ್ತದೆ, ‘ಸಾಲನ್ನು ಬರೋಬ್ಬರಿ ಮಾಡು’ ಎಂದು ಕ್ರಿಯೆಯ ಜೊತೆ ಬಂದಾಗ ಇಲ್ಲ ಎಂಬುದು ನನ್ನ ವಾದ. ಅವರು ಒಪ್ಪಿಲ್ಲ. “ಆಡುಮಾತು ಸಾರ್, ಪುಸ್ತಕಕ್ಕೆ ಕೂರಲ್ಲ” ಎಂದರು. ಪತ್ರಿಕೆಯ ತಲೆಬರಹಕ್ಕೆ ಕೂರುವ ಮಾತು ಕೈಪಿಡಿಗೆ ಏಕೆ ಕೂರುವುದಿಲ್ಲವೋ! ಯಾರ ಆಡುಮಾತು ಎಂಬುದರ ಮೇಲೆ ಇದು ನಿಂತಿದೆಯೇ ಎಂದು ನನಗೆ ಕೊಂಚ ಸಿಟ್ಟೂ ಬಂದಿತ್ತು, ಚಹಾ ಕುಡಿಯುವಷ್ಟರಲ್ಲಿ ಇಳಿಯಿತು.

ಒಂದು ತಾಂತ್ರಿಕ ತೊಡಕೂ ಇದೆ. ಆಪರೇಟರು ಹೇಳಿದ ಫೋರ್ಸ್ ಜಸ್ಟಿಫೈಯಲ್ಲಿ ಪ್ಯಾರಾದ ಕೊನೆಯ ಸಾಲನ್ನೂ ಬಿಡದೆ ಎಳೆದು ಅಂಚಿಗೆ ಮುಟ್ಟಿಸುತ್ತಾರೆ. ಎರಡೇ ಪದವಿದ್ದರೂ ಒಂದು ಈ ತುದಿಗೆ, ಒಂದು ಆ ತುದಿಗೆ. ಟೆಕ್ ತಾನಾಗಿ ಹಾಗೆ ಮಾಡುವುದಿಲ್ಲ. ಕೊನೆಯ ಸಾಲಿನ ಬಾಲಕ್ಕೆ ಎಷ್ಟು ಬೇಕಾದರೂ ಹಿಗ್ಗುವ ಖಾಲಿ ಜಾಗ ಸೇರಿಸಿ ಅದನ್ನು ಸಹಜವಾಗಿ ನಿಲ್ಲಲು ಬಿಡುತ್ತದೆ. ಮೊದಲನೆಯದಕ್ಕೆ ‘ಪೂರಾ ಬರೋಬ್ಬರಿ’, ಎರಡನೆಯದಕ್ಕೆ ಬರೀ ‘ಬರೋಬ್ಬರಿ’ ಎಂದರೆ ನಡೆದೀತೇ? ‘ಪೂರಾ’ ಕೂಡ ನಮ್ಮ ಕಡೆಯದೇ ಎಂದು ಮೈಸೂರಿನವರು ಮತ್ತೆ ಹುಬ್ಬೇರಿಸಬಹುದು, ಬರೋಬ್ಬರಿ ಹುಬ್ಬು.

ಈ ಹಿಗ್ಗುವ ಜಾಗವನ್ನು ಕನೂತ್ ‘ಗ್ಲೂ’ ಎನ್ನುತ್ತಾರೆ. ಅದನ್ನು ‘ಅಂಟು’ ಎಂದು ಅನುವಾದಿಸಬೇಡಿರೆಂದು ಮೊದಲೇ ಕೈಮುಗಿಯುತ್ತೇನೆ. ಅಂಟು ಹಿಗ್ಗುವುದಿಲ್ಲ. ನಮ್ಮಲ್ಲಿ ಅದಕ್ಕೆ ಡಿಂಕ ಎಂದೂ ಅನ್ನುತ್ತಾರೆ, ಬಾಣಂತಿಗೆ ಉಂಡಿ ಕಟ್ಟುವುದು ಅದರಲ್ಲೇ. ‘ಸಂದಿ’ ಎಂದು ಗೌಂಡಿಯ ಮಾತನ್ನೇ ಇಟ್ಟುಕೊಂಡಿದ್ದೇನೆ. ವ್ಯಾಕರಣದ ಸಂಧಿಗೆ ಧಕಾರ ಇರುವುದರಿಂದ ಗೊಂದಲ ಕಡಿಮೆ.

ನಮ್ಮ ಉರ್ದು ವಿಭಾಗದ ಹಿರಿಯರೊಬ್ಬರು ಇದನ್ನೆಲ್ಲ ಕೇಳಿ, “ನಿಮ್ಮ ಲಿಪಿಗಿ ಕಶೀದಾ ಇಲ್ಲಲ್ರೀ, ಅದಕ್ಕ ಇಷ್ಟ್ ತ್ರಾಸ” ಎಂದು ನಕ್ಕರು. ಅರಬ್ಬಿ–ಫಾರಸಿ ಬರವಣಿಗೆಯಲ್ಲಿ ಸಾಲು ತುಂಬದಿದ್ದರೆ ಅಕ್ಷರದ ಬಾಲವನ್ನೇ ಎಳೆಯುತ್ತಾರೆ, ಎಳೆದದ್ದು ಕಶೀದಾ. ನಾವು ‘ಕ’ವನ್ನು ಎಳೆದರೆ ಏನಾದೀತು, ಊಹಿಸಿ. ಅವರೇ ಇನ್ನೊಂದು ಹೇಳಿದರು. ಹಸ್ತಪ್ರತಿ ಎಂದೇಕೆ ಅನ್ನುತ್ತೀರಿ, ಕೈಬರಹವೇ ಇಲ್ಲವಲ್ಲ, ‘ಮಸೂದೆ’ ಎನ್ನಿ ಎಂದು. ನಮಗೆ ಮಸೂದೆ ಎಂದರೆ ವಿಧಾನಸಭೆಯದು. ಅರಬ್ಬಿಯಲ್ಲಿ ಮುಸವ್ವದಾ ಎಂದರೆ ಕಪ್ಪಾಗಿಸಿದ್ದು, ಅಂದರೆ ಹೊಡೆದು ತಿದ್ದಿ ಗೀಚಿದ ಕರಡು; ತಿದ್ದಿ ಚೊಕ್ಕ ಬರೆದದ್ದು ಮುಬಯ್ಯದಾ, ಬೆಳ್ಳಗಾಗಿಸಿದ್ದು. ಚೆಂದದ ಜೋಡಿ. ಆದರೂ ವಿದ್ಯಾರ್ಥಿಗಳಿಗೆ ‘ನಿಮ್ಮ ಮಸೂದೆ ತನ್ನಿ’ ಎಂದರೆ ಅಂಗೀಕಾರಕ್ಕೆ ಎಷ್ಟು ಮತ ಬೇಕು ಎಂದು ಕೇಳುತ್ತಾರೆ. ಹಸ್ತಪ್ರತಿ, ಕರಡು, ಇವೇ ಇರಲಿ ಬಿಟ್ಟೆ.

ಪ್ಯಾರಾದ ಕೊನೆಯ ಒಂದೇ ಸಾಲು ಮುಂದಿನ ಪುಟದ ತಲೆಗೆ ಹೋಗಿ ಬೀಳುವುದಕ್ಕೆ ಇಂಗ್ಲಿಷಿನವರು ‘ವಿಡೋ’ ಎನ್ನುತ್ತಾರಲ್ಲ, ಅದನ್ನು ವಿಧವೆ ಎಂದು ಬರೆಯಲು ಟೈಪ್ ಮಾಡುವ ಅಕ್ಕಾರು ಒಪ್ಪಲಿಲ್ಲ. ನಾನೂ ಒಪ್ಪುವುದಿಲ್ಲ. ‘ಒಂಟಿಸಾಲು’ ಎಂದು ಹಾಕಿದ್ದೇವೆ.

ಈಗ ನನ್ನ ಕೇಳಿಕೆ ಇಷ್ಟು. ಮಂಡ್ಯ, ಮಂಗಳೂರು, ಶಿವಮೊಗ್ಗ ಕಡೆಯವರು ‘ಎರಡೂ ಅಂಚಿಗೆ ಸಾಲು ಬರೋಬ್ಬರಿ ಮಾಡಿ’ ಎಂದು ಓದಿದಾಗ ಮೊದಲು ಏನು ಹೊಳೆಯಿತು, ಯೋಚಿಸದೆ ಬರೆಯಿರಿ. ನಿಮ್ಮೂರಿನ ಹಳೆಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿದವರು ಯಾರಾದರೂ ಇದ್ದರೆ, ಸಾಲು ಬಿಗಿ ಮಾಡುವುದಕ್ಕೆ ಅವರು ಏನನ್ನುತ್ತಿದ್ದರು ಎಂದು ಕೇಳಿ ತಿಳಿಸಿ. ಅದು ಸಿಕ್ಕರೆ ನನ್ನ ಬರೋಬ್ಬರಿಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಸಿಗದಿದ್ದರೆ ಬರುವ ವಾರ ಅದೇ ಅಚ್ಚಿಗೆ ಹೋಗುತ್ತದೆ.

ಕಲಬುರಗಿಯಿಂದ,
ಭೌತಶಾಸ್ತ್ರದ ಮಾಸ್ತರ