ಟ್ರಾನ್ಸ್‌ಫ್ಯೂಷನ್ ಸೈನ್ಸ್ ಎಂ.ಎಸ್ಸಿ.ಗೆ ಮಡಿಕೇರಿಯಿಂದ ಅರ್ಜಿ: ಏನೇನು ಸಿದ್ಧ ಮಾಡಿಕೊಳ್ಳಬೇಕು?

ಕಕ್ಕಬ್ಬೆ ಮಳೆ

ಎಲ್ಲರಿಗೂ ನಮಸ್ಕಾರ. ಬಿ.ಎಸ್ಸಿ. ಎಂಎಲ್‌ಟಿ (ವೈದ್ಯಕೀಯ ಪ್ರಯೋಗಾಲಯ ತಂತ್ರಜ್ಞಾನ) ಮುಗಿಸಿ ಇಂಟರ್ನ್‌ಶಿಪ್‌ನ ಕೊನೆಯ ಮೂರು ತಿಂಗಳಲ್ಲಿದ್ದೇನೆ. ಒಟ್ಟು ಶೇ 71 ಅಂಕ. ಬ್ಲಡ್ ಬ್ಯಾಂಕ್ ಪೋಸ್ಟಿಂಗ್ ಎರಡು ತಿಂಗಳು ಆಗಿದೆ. ಗ್ರೂಪಿಂಗ್, ಕ್ರಾಸ್‌ಮ್ಯಾಚ್ (ದಾನಿಯ ರಕ್ತ ರೋಗಿಗೆ ಹೊಂದುತ್ತದೆಯೇ ಅನ್ನುವ ಪರೀಕ್ಷೆ) ಕೈಯಾರೆ ಮಾಡಿದ್ದೇನೆ, ಕಾಂಪೊನೆಂಟ್ (ಕೆಂಪು ಕಣ, ಪ್ಲಾಸ್ಮಾ, ಪ್ಲೇಟ್‌ಲೆಟ್) ಬೇರ್ಪಡಿಸುವುದನ್ನು ನೋಡಿದ್ದೇನೆ ಅಷ್ಟೆ. ಮುಂದೆ ರಕ್ತಪೂರಣ (ಟ್ರಾನ್ಸ್‌ಫ್ಯೂಷನ್) ವಿಷಯದಲ್ಲೇ ಸ್ನಾತಕೋತ್ತರ ಓದಬೇಕು ಅಂತಿದೆ.

ಈ ವಿಷಯದ ಎಂಡಿ ವೈದ್ಯರಿಗೆ ಮಾತ್ರ ಅನ್ನುತ್ತಾರೆ, ಹಾಗಾದರೆ ನಮಗೆ ಯಾವ ದಾರಿ? ಅರ್ಜಿಯ ಜೊತೆ ಕೇಳುವ ಉದ್ದೇಶ ಪತ್ರದಲ್ಲಿ ಏನು ಬರೆಯಬೇಕು? ಇಂಗ್ಲೆಂಡಿನ ಬ್ರಿಸ್ಟಲ್ ಕೋರ್ಸ್ ಕೂಡ ಮನಸ್ಸಲ್ಲಿದೆ. ಕೊಡಗಿನಿಂದ ಹೋಗುವವರು ವಿಶೇಷವಾಗಿ ಗಮನಿಸಬೇಕಾದದ್ದು ಇದ್ದರೆ ತಿಳಿಸಿ.

ಹಾರಂಗಿ ದಂಡೆ

ಮೊದಲು ಯಾವ ಬಾಗಿಲು ನಿಮ್ಮದು ಅಂತ ಗೊತ್ತು ಮಾಡಿಕೊಳ್ಳಿ. ಇಮ್ಯುನೊಹೆಮಟಾಲಜಿ ಮತ್ತು ಬ್ಲಡ್ ಟ್ರಾನ್ಸ್‌ಫ್ಯೂಷನ್ ಎಂಡಿ ಎಂಬಿಬಿಎಸ್ ಆದವರಿಗೆ. ನೀಟ್ ಪಿಜಿ ಬರೆದು ಸೇರಬೇಕು, ಮೂರು ವರ್ಷ. ನಿಮ್ಮದು ಎಂ.ಎಸ್ಸಿ. ದಾರಿ. ಡಿಎಂಎಲ್‌ಟಿ (ಎಂಎಲ್‌ಟಿ ಡಿಪ್ಲೊಮಾ) ಮಾತ್ರ ಆದವರು ಈ ಚರ್ಚೆ ಓದುತ್ತಿದ್ದರೆ, ಡಿಪ್ಲೊಮಾ ಮೇಲೆ ನೇರವಾಗಿ ಎಂ.ಎಸ್ಸಿ. ಸಿಗುವುದಿಲ್ಲ, ನಡುವೆ ಪದವಿ ಬೇಕೇ ಬೇಕು.

ಎಂ.ಎಸ್ಸಿ.ಯಲ್ಲಿ ಕಾಲೇಜಿಗೊಂದು ಹೆಸರಿರುತ್ತದೆ. ಹೆಸರು ನಂಬಬೇಡಿ, ಸಿಲಬಸ್ ತರಿಸಿಕೊಂಡು ಓದಿ. ಆಂಟಿಬಾಡಿ ಗುರುತಿಸುವುದು, ಕಾಂಪೊನೆಂಟ್ ತಯಾರಿ, ಅಫೆರೆಸಿಸ್ (ಯಂತ್ರದಿಂದ ಬೇಕಾದ ಭಾಗವನ್ನಷ್ಟೇ ತೆಗೆದು ಉಳಿದ ರಕ್ತ ಹಿಂತಿರುಗಿಸುವುದು), ಗುಣಮಟ್ಟ ನಿಯಂತ್ರಣ, ಹಿಮೋವಿಜಿಲೆನ್ಸ್ (ರಕ್ತ ಹಾಕಿದಾಗ ಆಗುವ ತೊಂದರೆಗಳ ನಿಗಾ) ಇವು ಇದ್ದರೆ ನಿಮಗೆ ಬೇಕಾದ ಕೋರ್ಸ್ ಅದೇ. ಬರೀ ಅನೀಮಿಯಾ, ಲ್ಯುಕೇಮಿಯಾ, ಮೂಳೆಮಜ್ಜೆ ಸ್ಲೈಡುಗಳೇ ತುಂಬಿದ್ದರೆ ಅದು ಹೆಮಟಾಲಜಿ. ಅದೂ ಒಳ್ಳೆಯ ವಿಷಯವೇ, ಆದರೆ ನೀವು ಕೇಳಿದ್ದು ಅದಲ್ಲ. ರಕ್ತಪೂರಣಕ್ಕೆ ಪ್ರತ್ಯೇಕ ವಿಭಾಗ ಇರುವ ಕಡೆ ಕಲಿಕೆ ಬೇರೆಯೇ. ಮಣಿಪಾಲದ ಕೆಎಂಸಿ, ಬೆಂಗಳೂರಿನ ಸೇಂಟ್ ಜಾನ್ಸ್, ವೆಲ್ಲೂರಿನ ಸಿಎಂಸಿಗಳಲ್ಲಿ ಅಂಥ ವಿಭಾಗಗಳಿವೆ. ಅಲ್ಲಿ ಆ ವರ್ಷ ಎಂ.ಎಸ್ಸಿ. ಸೀಟು ಯಾವ ಹೆಸರಲ್ಲಿ ಇದೆ ಅನ್ನುವುದನ್ನು ಅಧಿಸೂಚನೆಯಲ್ಲೇ ನೋಡಬೇಕು. ಯಾವ ಕಾಲೇಜಾದರೂ ಫೋನ್ ಮಾಡಿ ನಾಲ್ಕು ಪ್ರಶ್ನೆ ಕೇಳಿ: ವರ್ಷಕ್ಕೆ ಎಷ್ಟು ಯೂನಿಟ್ ರಕ್ತ ಸಂಗ್ರಹ, ಕಾಂಪೊನೆಂಟ್ ಲೈಸೆನ್ಸ್ ಇದೆಯೇ, ಅಫೆರೆಸಿಸ್ ಯಂತ್ರ ದಿನವೂ ಓಡುತ್ತದೆಯೇ, ಆಂಟಿಬಾಡಿ ಯಾವುದೆಂದು ಗುರುತಿಸುವ 11 ಸೆಲ್‌ಗಳ ಪ್ಯಾನೆಲ್ ಅಲ್ಲೇ ಹಾಕುತ್ತಾರಾ ಅಥವಾ ಸ್ಯಾಂಪಲ್ ಹೊರಗೆ ಕಳಿಸುತ್ತಾರಾ. ಕೊನೆಯದಕ್ಕೆ 'ಹೊರಗೆ' ಅಂದರೆ ಎರಡು ವರ್ಷದಲ್ಲಿ ನೀವು ಆಂಟಿಬಾಡಿ ಕೆಲಸ ಕಲಿಯುವುದು ಕಷ್ಟ.

ಇನ್ನೊಂದು ವಿಷಯ ಈಗಲೇ ಮಾಡಿ. ಔಷಧ ನಿಯಮಗಳ ಪ್ರಕಾರ ರಕ್ತಕೇಂದ್ರದ ಟೆಕ್ನಿಷಿಯನ್ ಆಗಲು ಎಂಎಲ್‌ಟಿ ಪದವಿಯ ಜೊತೆ ರಕ್ತ ಪರೀಕ್ಷೆಯಲ್ಲಿ ಆರು ತಿಂಗಳ ಅನುಭವ ಬೇಕು. ಟೆಕ್ನಿಕಲ್ ಸೂಪರ್‌ವೈಸರ್ ಆಗಲು ಕಾಂಪೊನೆಂಟ್ ತಯಾರಿಯಲ್ಲಿ ಆರು ತಿಂಗಳು. ಇವೆರಡೂ ಬೇರೆ ಬೇರೆ. ಅನುಭವ ಪತ್ರದಲ್ಲಿ 'ಬ್ಲಡ್ ಬ್ಯಾಂಕ್‌ನಲ್ಲಿ ಕೆಲಸ ಮಾಡಿದ್ದಾರೆ' ಅಂತ ಒಂದೇ ಸಾಲು ಬರೆದುಕೊಟ್ಟರೆ ಮುಂದೆ ಲೈಸೆನ್ಸ್ ತಪಾಸಣೆಗೆ ಬಂದವರು ಒಪ್ಪುವುದಿಲ್ಲ. ಪರೀಕ್ಷೆ ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಕಾಂಪೊನೆಂಟ್ ಎಷ್ಟು ದಿನ, ಕೇಂದ್ರದ ಲೈಸೆನ್ಸ್ ಸಂಖ್ಯೆ ಯಾವುದು, ಎಲ್ಲ ಬಿಡಿಸಿ ಬರೆಸಿಕೊಳ್ಳಿ. ಉಳಿದ ಮೂರು ತಿಂಗಳಲ್ಲಿ ಕಾಂಪೊನೆಂಟ್ ಕೊಠಡಿಗೆ ಹಾಕಿಸಿಕೊಳ್ಳಲು ಆದರೆ ಇನ್ನೂ ಒಳ್ಳೆಯದು. ಮತ್ತೆ, ಎಂ.ಎಸ್ಸಿ. ಆದ ಮೇಲೂ ಮೆಡಿಕಲ್ ಆಫೀಸರ್ ಹುದ್ದೆ ಎಂಬಿಬಿಎಸ್ ಆದವರದ್ದೇ. ಅದನ್ನು ತಿಳಿದೇ ಬನ್ನಿ.

ಬಫಿ ಕೋಟ್

ಉದ್ದೇಶ ಪತ್ರದ ಬಗ್ಗೆ ನಾನು ಹೇಳುತ್ತೇನೆ. ಆಯ್ಕೆ ಸಮಿತಿಯವರು 'ರಕ್ತದಾನ ಮಹಾದಾನ', 'ಬಾಲ್ಯದಿಂದಲೂ ಸೇವೆಯ ಆಸೆ' ಅನ್ನುವ ಸಾಲುಗಳನ್ನು ನೂರು ಸಲ ಓದಿರುತ್ತಾರೆ. ಅವರಿಗೆ ತಿಳಿಯಬೇಕಾದದ್ದು ಒಂದೇ: ನಿಮ್ಮ ಕೈಗೆ ಬಂದ ಟ್ಯೂಬ್ ಹೇಳಿದ್ದು ನಿಮಗೆ ಅರ್ಥವಾಗುತ್ತದೆಯೇ.

ಅದನ್ನು ತೋರಿಸಲು ಒಂದು ಸಮಸ್ಯೆ ಎತ್ತಿಕೊಳ್ಳಿ. ಉದಾಹರಣೆಗೆ ಫಾರ್ವರ್ಡ್ ಗ್ರೂಪಿಂಗ್‌ನಲ್ಲಿ (ರೋಗಿಯ ಕೆಂಪು ಕಣ ನೋಡುವುದು) ಓ ಬಂದಿದೆ. ರಿವರ್ಸ್‌ನಲ್ಲಿ (ರೋಗಿಯ ಪ್ಲಾಸ್ಮಾಕ್ಕೆ ಗೊತ್ತಿರುವ ಸೆಲ್ ಸೇರಿಸಿ ನೋಡುವುದು) ಎ ಸೆಲ್, ಬಿ ಸೆಲ್ ಎರಡೂ ಗಟ್ಟಿಯಾಗಿ ಗುಂಪುಗೂಡಿವೆ, ಇಲ್ಲಿಯವರೆಗೆ ಸರಿ. ಆದರೆ ಓ ಸೆಲ್ ಕೂಡ 4+ (ಅತಿ ಗಟ್ಟಿ ಗುಂಪುಗೂಡುವಿಕೆ) ಬಂದಿದೆ. ಈಗ ಏನು? ಆಟೊ ಕಂಟ್ರೋಲ್, ಅಂದರೆ ರೋಗಿಯ ಸ್ವಂತ ಸೆಲ್ ಅವರದೇ ಪ್ಲಾಸ್ಮಾದಲ್ಲಿ ಏನಾಗುತ್ತದೆ ಅಂತ ನೋಡಬೇಕು. ಅದೂ ಪಾಸಿಟಿವ್ ಆದರೆ ಶೀತಕ್ಕೆ ಕೆಲಸ ಮಾಡುವ ಆಟೊಆಂಟಿಬಾಡಿ ಅಥವಾ ರೂಲೋ (ಕೆಂಪು ಕಣಗಳು ನಾಣ್ಯದ ಸಾಲಿನಂತೆ ಅಂಟಿಕೊಳ್ಳುವುದು) ಇರಬಹುದು. ಮೊದಲನೆಯದಕ್ಕೆ 37 ಡಿಗ್ರಿಗೆ ಬೆಚ್ಚಗೆ ಮಾಡಿ ನೋಡುವುದು, ಎರಡನೆಯದಕ್ಕೆ ಪ್ಲಾಸ್ಮಾ ತೆಗೆದು ಸೆಲೈನ್ ಹಾಕಿ ನೋಡುವ ಸೆಲೈನ್ ರಿಪ್ಲೇಸ್‌ಮೆಂಟ್. ಆಟೊ ಕಂಟ್ರೋಲ್ ನೆಗೆಟಿವ್ ಆಗಿ ಎಲ್ಲ ಓ ಸೆಲ್‌ಗಳೂ ಗಟ್ಟಿ ಬಂದರೆ ಬಾಂಬೆ ಗುಂಪಿನ (ಓ ಗುಂಪಿನವರಲ್ಲೂ ಇರುವ ಎಚ್ ಆಂಟಿಜನ್ ಕೂಡ ಇಲ್ಲದ ಅಪರೂಪದ ಗುಂಪು) ಅನುಮಾನ. ಆಗ ಯೂಲೆಕ್ಸ್ ಯೂರೋಪಿಯಸ್ ಬೀಜದಿಂದ ತೆಗೆದ ಆಂಟಿ-ಎಚ್ ಲೆಕ್ಟಿನ್ ಹಾಕಿ ನೋಡುತ್ತಾರೆ. ಮಾಮೂಲಿ ಓ ಆದರೆ ಗಟ್ಟಿಯಾಗಿ ಗುಂಪುಗೂಡುತ್ತದೆ, ಬಾಂಬೆ ಆದರೆ ಏನೂ ಆಗುವುದಿಲ್ಲ. 1952ರಲ್ಲಿ ಮುಂಬಯಿಯಲ್ಲಿ ಭೇಂಡೆ ಮತ್ತು ಸಂಗಡಿಗರು ಗುರುತಿಸಿದ್ದು ಇದನ್ನೇ. ರಿವರ್ಸ್ ಮಾಡದೆ ಬರೀ ಫಾರ್ವರ್ಡ್ ನೋಡಿ ಓ ರಕ್ತ ಕೊಟ್ಟರೆ ರೋಗಿಯ ಪ್ರಾಣಕ್ಕೆ ಅಪಾಯ. ಇಷ್ಟನ್ನು ಆರೇಳು ಸಾಲಲ್ಲಿ ಬರೆದು, ಇದರಲ್ಲಿ ನೀವೇ ಮಾಡಿದ್ದು ಎಷ್ಟು, ನೋಡಿದ್ದು ಎಷ್ಟು, ಇನ್ನೂ ಗೊತ್ತಿಲ್ಲದ್ದು ಯಾವುದು ಅಂತ ಹೇಳಿ. ಮಾಡದ್ದನ್ನು ಮಾಡಿದ್ದೇನೆ ಅಂತ ಬರೆಯಬೇಡಿ. ಸಂದರ್ಶನದಲ್ಲಿ ಎರಡನೇ ಪ್ರಶ್ನೆಗೇ ಗೊತ್ತಾಗಿಬಿಡುತ್ತದೆ.

ಇನ್ನು ಕೊಡಗು. ನೀವು ಅದನ್ನು ಕೊರತೆ ಅಂದುಕೊಂಡಿದ್ದೀರೋ ಏನೋ, ಆದರೆ ನಿಮ್ಮ ಅರ್ಜಿಯ ಬಲವೇ ಅದು. ಜೇನುಕುರುಬ, ಯರವ ಬುಡಕಟ್ಟಿನ ಹಾಡಿಗಳಲ್ಲಿ ಸಿಕಲ್ ಸೆಲ್ (ಕೆಂಪು ಕಣ ಕುಡುಗೋಲಿನಾಕಾರವಾಗುವ ಆನುವಂಶಿಕ ಕಾಯಿಲೆ) ಇದೆ. ಮತ್ತೆ ಮತ್ತೆ ರಕ್ತ ಹಾಕಿಸಿಕೊಳ್ಳುವ ಸಿಕಲ್ ಸೆಲ್ ರೋಗಿಗಳಲ್ಲಿ ಹೊರಗಿನ ಸೆಲ್‌ಗಳ ವಿರುದ್ಧ ಆಂಟಿಬಾಡಿ ಹುಟ್ಟುತ್ತದೆ, ಆಮೇಲೆ ಹೊಂದುವ ಯೂನಿಟ್ ಸಿಗುವುದೇ ಕಷ್ಟ. ಅದಕ್ಕೇ ಎಬಿಒ, ಡಿ ಮಾತ್ರವಲ್ಲದೆ ಆರ್‌ಎಚ್‌ನ ಸಿ, ಇ ಮತ್ತು ಕೆಲ್ ಆಂಟಿಜನ್‌ಗಳನ್ನೂ ಹೊಂದಿಸಿ ಕೊಡುವುದು ಒಳ್ಳೆಯದು. ಈ ಫಿನೋಟೈಪ್, ಅಂದರೆ ರೋಗಿಯ ಕಣದಲ್ಲಿ ಯಾವ ಆಂಟಿಜನ್‌ಗಳಿವೆ ಅನ್ನುವ ಪರೀಕ್ಷೆ, ಮೊದಲ ಯೂನಿಟ್ ಹಾಕುವ ಮುಂಚೆಯೇ ಮಾಡಬೇಕು. ಹಾಕಿದ ಮೇಲೆ ಸುಮಾರು ಮೂರು ತಿಂಗಳು ದಾನಿಯ ಸೆಲ್‌ಗಳೂ ಬೆರೆತಿರುವುದರಿಂದ ಟ್ಯೂಬ್‌ನಲ್ಲಿ ಸರಿಯಾದ ಉತ್ತರ ಸಿಗುವುದಿಲ್ಲ. 'ಹಾಡಿಯ ರೋಗಿಗಳಿಗೆ ಮೊದಲೇ ಫಿನೋಟೈಪ್ ಮಾಡಿಟ್ಟರೆ ಮುಂದೆ ಏನು ಬದಲಾಗುತ್ತದೆ' ಅನ್ನುವುದು ಚೆನ್ನಾದ ಪ್ರಬಂಧ ವಿಷಯ. ಆದರೆ ನೈತಿಕ ಸಮಿತಿಯ ಅನುಮತಿ ಮತ್ತು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಒಪ್ಪಿಗೆ ಪಡೆಯುವ ಕ್ರಮದ ಬಗ್ಗೆ ಒಂದು ಸಾಲಾದರೂ ಇರಲಿ. ಐಸಿಎಂಆರ್‌ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲಿ ಬುಡಕಟ್ಟು ಸಮುದಾಯಗಳನ್ನು ವಿಶೇಷ ರಕ್ಷಣೆ ಬೇಕಾದವರ ಗುಂಪಿನಲ್ಲಿ ಇಟ್ಟಿದ್ದಾರೆ.

ಎರಡನೆಯ ವಿಷಯ ಸಾಗಣೆ. ಕೆಂಪು ಕಣದ ಯೂನಿಟ್ ದಾಸ್ತಾನಿನಲ್ಲಿ 2ರಿಂದ 6 ಡಿಗ್ರಿ, ದಾರಿಯಲ್ಲಿ 10 ಡಿಗ್ರಿ ಮೀರಬಾರದು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಸಂಪಾಜೆ ಘಾಟಿ ಮುಚ್ಚಿದ್ದು ಎಲ್ಲರಿಗೂ ನೆನಪಿದೆ. ಮಳೆಗಾಲದಲ್ಲಿ ಒಂದು ಗಂಟೆಯ ದಾರಿ ಎಷ್ಟು ಗಂಟೆಯಾದರೂ ಆಗಬಹುದು. ಪೆಟ್ಟಿಗೆಯೊಳಗೆ ಡೇಟಾ ಲಾಗರ್ ಇಟ್ಟು, ಐಸ್ ಪ್ಯಾಕ್ ಎಷ್ಟು, ಯೂನಿಟ್ ಎಷ್ಟು, ಎಷ್ಟು ಹೊತ್ತಿಗೆ 10 ಡಿಗ್ರಿ ದಾಟಿತು ಅಂತ ಅಳೆಯುವ ಕೆಲಸಕ್ಕೆ ಹೆಚ್ಚು ಖರ್ಚಿಲ್ಲ, ಉಪಯೋಗ ಮಾತ್ರ ದೊಡ್ಡದು. ಐಸ್ ಪ್ಯಾಕ್ ನೇರವಾಗಿ ಚೀಲಕ್ಕೆ ತಾಗಿದರೆ ಕಣಗಳು ಹೆಪ್ಪುಗಟ್ಟಿ ಒಡೆಯುತ್ತವೆ, ಆದ್ದರಿಂದ ಎಷ್ಟು ತಣ್ಣಗಾಯಿತು ಅನ್ನುವುದನ್ನೂ ದಾಖಲಿಸಬೇಕು.

ಕಕ್ಕಬ್ಬೆ ಮಳೆ

ತುಂಬಾ ಉಪಕಾರವಾಯಿತು. ಒಂದು ಪ್ಯಾರಾ ಹೀಗೆ ಬರೆದಿದ್ದೇನೆ, ನೋಡಿ ಹೇಳುತ್ತೀರಾ: "ಪೋಸ್ಟಿಂಗ್ ಸಮಯದಲ್ಲಿ ಅನೇಕ ಕ್ರಾಸ್‌ಮ್ಯಾಚ್ ಮಾಡಿ ಉತ್ತಮ ಅನುಭವ ಪಡೆದಿದ್ದೇನೆ. ಸೆಂಟ್ರಿಫ್ಯೂಜ್ ಅನ್ನು 3000 ಆರ್‌ಪಿಎಂನಲ್ಲಿ ಬಳಸುವುದು, ಕೂಂಬ್ಸ್ ಪರೀಕ್ಷೆ ಮಾಡುವುದು ಗೊತ್ತಿದೆ."

ಬಫಿ ಕೋಟ್

ಮೂರು ಕಡೆ ತಿದ್ದಿ. 'ಅನೇಕ' ಬೇಡ, ಲಾಗ್ ಬುಕ್ ನೋಡಿ ಸಂಖ್ಯೆ ಬರೆಯಿರಿ. ಟ್ಯೂಬ್‌ನಲ್ಲಿ ಎಷ್ಟು, ಜೆಲ್ ಕಾರ್ಡ್‌ನಲ್ಲಿ ಎಷ್ಟು ಅಂತ ಬೇರೆ ಮಾಡಿ.

ಆರ್‌ಪಿಎಂ (ನಿಮಿಷಕ್ಕೆ ಎಷ್ಟು ಸುತ್ತು) ಮಾತ್ರ ಹೇಳಿದರೆ ಅರ್ಥವಿಲ್ಲ, ಏಕೆಂದರೆ ಬಲ ರೋಟರಿನ ತ್ರಿಜ್ಯದ ಮೇಲೆ ನಿಂತಿದೆ. ಸೂತ್ರ: 0.00001118 × ತ್ರಿಜ್ಯ (ಸೆಂ.ಮೀ.) × ಆರ್‌ಪಿಎಂನ ವರ್ಗ. ಅದೇ 3000 ಆರ್‌ಪಿಎಂ, ತ್ರಿಜ್ಯ 10 ಸೆಂ.ಮೀ. ಆದರೆ ಸುಮಾರು 1006 ಜಿ (ಗುರುತ್ವ ಬಲದ ಪಟ್ಟು), 15 ಸೆಂ.ಮೀ. ಆದರೆ 1509 ಜಿ. ಒಂದು ಯಂತ್ರದಲ್ಲಿ ಸರಿಬಂದ ಪ್ಲೇಟ್‌ಲೆಟ್ ಇನ್ನೊಂದರಲ್ಲಿ ಕೆಡುವುದು ಹೀಗೇ.

ಕೂಂಬ್ಸ್ (ಕೆಂಪು ಕಣಕ್ಕೆ ಅಂಟಿದ ಆಂಟಿಬಾಡಿ ಪತ್ತೆಮಾಡುವ ಪರೀಕ್ಷೆ) ಬಗ್ಗೆ 'ಗೊತ್ತಿದೆ' ಅನ್ನುವ ಬದಲು ಚೆಕ್ ಸೆಲ್ ಮಾತು ತನ್ನಿ. ಟ್ಯೂಬ್ ವಿಧಾನದಲ್ಲಿ ನೆಗೆಟಿವ್ ಬಂದ ಪ್ರತಿಯೊಂದಕ್ಕೂ ಐಜಿಜಿ ಆಂಟಿಬಾಡಿ ಲೇಪಿತ ಸೆಲ್ (ಇದೇ ಚೆಕ್ ಸೆಲ್) ಹಾಕಿದಾಗ ಅದು ಗುಂಪುಗೂಡಲೇಬೇಕು. ಗುಂಪುಗೂಡದಿದ್ದರೆ ತೊಳೆದದ್ದು ಸಾಲದೆ ಉಳಿದ ಗ್ಲೋಬ್ಯುಲಿನ್ ಎಎಚ್‌ಜಿಯನ್ನು (ಕೂಂಬ್ಸ್ ಪರೀಕ್ಷೆಯಲ್ಲಿ ಗುಂಪುಗೂಡಿಸುವ ಕಾರಕ) ನುಂಗಿರುತ್ತದೆ, ಇಲ್ಲವೇ ಎಎಚ್‌ಜಿ ಹಾಕುವುದೇ ಮರೆತಿರುತ್ತದೆ. ಆ ನೆಗೆಟಿವ್ ಲೆಕ್ಕಕ್ಕಿಲ್ಲ, ಪರೀಕ್ಷೆ ಮತ್ತೆ ಮೊದಲಿಂದ. ಜೆಲ್ ಕಾರ್ಡ್‌ನಲ್ಲಿ ತೊಳೆಯುವ ಹಂತವೇ ಇಲ್ಲ, ಆದ್ದರಿಂದ ಚೆಕ್ ಸೆಲ್ಲೂ ಬೇಡ.

ಏಲಕ್ಕಿ ತೋಟ

ಕಾಗದಪತ್ರದ ಬಗ್ಗೆ. ಕೊಡಗಿನವರಿಗೆ ಮೊದಲ ತೊಡಕು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಮನೆಹೆಸರು ಬರೀ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಪೂರ್ತಿಯಾಗಿ ಮೊದಲಿಗೆ, ಪದವಿ ಪತ್ರದಲ್ಲಿ ಕೊನೆಗೆ. ಮೂರೂ ಒಬ್ಬರದೇ ಅಂತ ಹೊರಗಿನವರಿಗೆ ಹೇಗೆ ಗೊತ್ತಾಗಬೇಕು? ಅರ್ಜಿ ಹಾಕುವ ಮುಂಚೆಯೇ ಎಲ್ಲವನ್ನೂ ಪಕ್ಕಪಕ್ಕ ಇಟ್ಟು ನೋಡಿ, ವ್ಯತ್ಯಾಸ ಇದ್ದರೆ ನೋಟರಿ ಅಫಿಡವಿಟ್ ಮಾಡಿಸಿ. ಅರ್ಜಿಯಲ್ಲಿ ಪಾಸ್‌ಪೋರ್ಟ್‌ನಲ್ಲಿರುವ ಹೆಸರನ್ನೇ ಅಕ್ಷರ ಬಿಡದೆ ಬರೆಯಿರಿ.

ರಾಜೀವ್ ಗಾಂಧಿ ಆರೋಗ್ಯ ವಿವಿಯಿಂದ ಟ್ರಾನ್ಸ್‌ಕ್ರಿಪ್ಟ್, ತಾತ್ಕಾಲಿಕ ಪದವಿ ಪತ್ರ, ಬೇರೆ ವಿವಿಗೆ ಹೋಗುವುದಾದರೆ ಮೈಗ್ರೇಷನ್, ಕಾಲೇಜಿಂದ ಇಂಟರ್ನ್‌ಶಿಪ್ ಮುಗಿಸಿದ ಪತ್ರ, ಇವಕ್ಕೆ ಬೇಗ ಅರ್ಜಿ ಕೊಡಿ. ಶಿಫಾರಸು ಪತ್ರ ಕೊಡುವವರಿಗೆ ಸಂಸ್ಥೆಯ ಇಮೇಲ್ ವಿಳಾಸ ಇದೆಯೇ ಅಂತ ಕೇಳಿಕೊಳ್ಳಿ. ಖಾಸಗಿ ಇಮೇಲ್‌ನಿಂದ ಬಂದ ಶಿಫಾರಸನ್ನು ವಿದೇಶದ ಎಷ್ಟೋ ವಿವಿಗಳು ಪರಿಗಣಿಸುವುದಿಲ್ಲ. ಜುಲೈ-ಆಗಸ್ಟ್‌ನಲ್ಲಿ ಕೊನೆಯ ದಿನ ಇದ್ದರೆ ಒಂದು ವಾರ ಮೊದಲೇ ಅಪ್‌ಲೋಡ್ ಮುಗಿಸಿ. ಮರ ಬಿದ್ದು ಕರೆಂಟ್ ಹೋದರೆ ಟವರೂ ಹೋಗುತ್ತದೆ, ಆಮೇಲೆ ಯಾರನ್ನು ಕೇಳುವುದು.

ಬ್ರಿಸ್ಟಲ್‌ನದು ಟ್ರಾನ್ಸ್‌ಫ್ಯೂಷನ್ ಮತ್ತು ಟ್ರಾನ್ಸ್‌ಪ್ಲಾಂಟೇಶನ್ ಸೈನ್ಸಸ್ ಎಂ.ಎಸ್ಸಿ., ಅಲ್ಲಿನ ಸರ್ಕಾರಿ ರಕ್ತಸೇವೆಯಾದ ಎನ್‌ಎಚ್‌ಎಸ್ ಬ್ಲಡ್ ಅಂಡ್ ಟ್ರಾನ್ಸ್‌ಪ್ಲಾಂಟ್ ಜೊತೆ ಸೇರಿ ರೂಪಿಸಿದ್ದು. ವಿಷಯ ಒಳ್ಳೆಯದು, ಆದರೆ ಒಂದು ತಪ್ಪು ಕಲ್ಪನೆ ಬೇಡ. ಅಲ್ಲಿ ಬಯೊಮೆಡಿಕಲ್ ಸೈಂಟಿಸ್ಟ್ ಅಂತ ಕೆಲಸ ಮಾಡಲು ಎಚ್‌ಸಿಪಿಸಿ (ಅಲ್ಲಿನ ಆರೋಗ್ಯ ವೃತ್ತಿಗಳ ನಿಯಂತ್ರಣ ಮಂಡಳಿ) ನೋಂದಣಿ ಬೇಕು. ಎಂ.ಎಸ್ಸಿ. ಆದ ಮಾತ್ರಕ್ಕೆ ಅದು ಸಿಗುವುದಿಲ್ಲ. ಅದರ ದಾರಿ ಬೇರೆ, ಶುಲ್ಕ ಬೇರೆ. ಸಾಲ ಮಾಡುವ ಮುಂಚೆ ಈ ಲೆಕ್ಕ ಹಾಕಿ. ಅಮೆರಿಕದಲ್ಲಿ ಸಿನ್ಸಿನಾಟಿ ವಿವಿಯೂ ಹಾಕ್ಸ್‌ವರ್ತ್ ರಕ್ತಕೇಂದ್ರದ ಜೊತೆ ಇಂಥದ್ದೇ ವಿಷಯ ಕಲಿಸುತ್ತದೆ.

ಇಂಗ್ಲೆಂಡಿನ ವೀಸಾಕ್ಕೆ ತೋರಿಸುವ ಹಣ ಖಾತೆಯಲ್ಲಿ ಸತತ 28 ದಿನ ಇರಬೇಕು, ನಡುವೆ ಒಂದು ದಿನ ಕಡಿಮೆಯಾದರೂ ಎಣಿಕೆ ಮತ್ತೆ ಮೊದಲಿಂದ. ಕಾಫಿ ಮಾರಿದ ದುಡ್ಡು ನಂಬಿಕೊಂಡ ಮನೆಯವರು ಇದನ್ನು ಗಮನಿಸಿ: ಬಂದ ಹಣವನ್ನು ಗೊಬ್ಬರಕ್ಕೋ ಕೂಲಿಗೋ ತೆಗೆದು ಮತ್ತೆ ತುಂಬಿಸುತ್ತೇವೆ ಅಂದರೆ ನಡೆಯುವುದಿಲ್ಲ. ಅಪ್ಪ-ಅಮ್ಮನ ಖಾತೆ ಆದರೆ ನಿಮ್ಮ ಜನನ ಪ್ರಮಾಣಪತ್ರ ಮತ್ತು ಅವರ ಒಪ್ಪಿಗೆ ಪತ್ರವೂ ಬೇಕು. ಕ್ಷಯ ಪರೀಕ್ಷೆಯನ್ನು ವೀಸಾ ಕೊಡುವವರು ಗುರುತಿಸಿದ ಕ್ಲಿನಿಕ್‌ನಲ್ಲೇ ಮಾಡಿಸಬೇಕು, ಬೆಂಗಳೂರಿಗೆ ಹೋಗಿಬರಬೇಕಾಗುತ್ತದೆ. ಆ ಪತ್ರ ಆರು ತಿಂಗಳು ಮಾತ್ರ ಚಾಲ್ತಿ, ತೀರಾ ಬೇಗ ಮಾಡಿಸಿದರೆ ಹಾಳು.

ಹಾರಂಗಿ ದಂಡೆ

ಸಂದರ್ಶನಕ್ಕೆ ಹೋಗುವ ಮುಂಚೆ ಇವನ್ನು ಬಾಯಿಪಾಠಕ್ಕಿಂತ ಕಾರಣದ ಸಮೇತ ಓದಿಕೊಳ್ಳಿ. 350 ಮಿ.ಲೀ. ಚೀಲದಲ್ಲಿ ಸಿಪಿಡಿಎ-1 (ಹೆಪ್ಪುಗಟ್ಟದಂತೆ ಕಾಪಾಡುವ, ಸಿಟ್ರೇಟ್ ಇರುವ) ದ್ರವ 49 ಮಿ.ಲೀ., 450ಕ್ಕೆ 63. ರಕ್ತ ಕಡಿಮೆ ಬಂದರೆ ಸಿಟ್ರೇಟ್ ಅನುಪಾತ ಹೆಚ್ಚುತ್ತದೆ, ಆ ಚೀಲದ ಪ್ಲಾಸ್ಮಾ ಬಳಸುವಂತಿಲ್ಲ ಏಕೆ ಅಂತ ಕೇಳುತ್ತಾರೆ. ಕೆಂಪು ಕಣದ ಬಾಳಿಕೆ ಸಿಪಿಡಿಎ-1ರಲ್ಲಿ 35 ದಿನ, ಸ್ಯಾಗ್‌ಎಂ ಎಂಬ ಪೋಷಕ ದ್ರವ ಸೇರಿಸಿದರೆ 42. ಪ್ಲೇಟ್‌ಲೆಟ್ 20ರಿಂದ 24 ಡಿಗ್ರಿಯಲ್ಲಿ ಸದಾ ಅಲುಗಾಡುತ್ತಾ 5 ದಿನ. ಅದನ್ನು ಫ್ರಿಜ್‌ನಲ್ಲಿಟ್ಟರೆ ಏನಾಗುತ್ತದೆ ಅನ್ನುವುದು ಖಾಯಂ ಪ್ರಶ್ನೆ: ತಣ್ಣಗಾದ ಪ್ಲೇಟ್‌ಲೆಟ್ ಆಕಾರ ಬದಲಿಸುತ್ತದೆ, ದೇಹ ಸೇರಿದ ಮೇಲೆ ಬೇಗ ಹೊರದಬ್ಬಲ್ಪಡುತ್ತದೆ. ಪ್ಲೇಟ್‌ಲೆಟ್ ತಯಾರಿಸುವ ಪಿಆರ್‌ಪಿ (ಪ್ಲೇಟ್‌ಲೆಟ್ ತುಂಬಿದ ಪ್ಲಾಸ್ಮಾ) ವಿಧಾನದಲ್ಲಿ ಮೊದಲು ಹಗುರ ಸ್ಪಿನ್ ಆಮೇಲೆ ಭಾರಿ, ಬಫಿ ಕೋಟ್ (ಬಿಳಿ ಕಣ ಮತ್ತು ಪ್ಲೇಟ್‌ಲೆಟ್‌ಗಳ ಪದರ) ವಿಧಾನದಲ್ಲಿ ತಿರುಗಾಮುರುಗಾ.

ಹಿಮೋವಿಜಿಲೆನ್ಸ್ ಕಾರ್ಯಕ್ರಮ ನಮ್ಮಲ್ಲಿ 2012ರ ಡಿಸೆಂಬರ್ 10ರಂದು ಶುರುವಾಯಿತು. ನೋಯ್ಡಾದ ರಾಷ್ಟ್ರೀಯ ಜೈವಿಕ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ. ರಕ್ತ ಹಾಕುವಾಗ ರೋಗಿಗೆ ಚಳಿ ಬಂದರೆ ಮೊದಲ ಕೆಲಸ ಏನು ಅಂದರೆ 'ಸ್ಯಾಂಪಲ್ ತರಿಸುತ್ತೇನೆ' ಅನ್ನಬೇಡಿ. ರಕ್ತ ನಿಲ್ಲಿಸುವುದು ಮೊದಲು, ಸೆಲೈನ್‌ನಿಂದ ನಾಳ ತೆರೆದಿಡುವುದು, ವೈದ್ಯರಿಗೆ ತಿಳಿಸಿ ಚೀಲದ ಮತ್ತು ರೋಗಿಯ ಗುರುತು ತಾಳೆ ನೋಡುವುದು, ಸ್ಯಾಂಪಲ್ ಆಮೇಲೆ.

ಕಕ್ಕಬ್ಬೆ ಮಳೆ

ಇನ್ನೊಂದೇ ಒಂದು. ಒಂದು ಕಾಲೇಜಿನ ಪಟ್ಟಿಯಲ್ಲಿ ಹೆಪಟೈಟಿಸ್ ಬಿ ಲಸಿಕೆಯ ದಾಖಲೆ ಕೇಳಿದ್ದಾರೆ. ಅದನ್ನು ಸೇರಿದ ಮೇಲೆ ಮಾಡಿಸಿದರೆ ಆಗುತ್ತದಾ?

ಏಲಕ್ಕಿ ತೋಟ

ಬೇಡ, ಈಗಲೇ ಶುರು ಮಾಡಿ. ಡೋಸುಗಳು 0, 1 ಮತ್ತು 6 ತಿಂಗಳಿಗೆ, ಅಂದರೆ ಇಂದು ಹಾಕಿಸಿದರೂ ಮುಗಿಯಲು ಅರ್ಧ ವರ್ಷ. ಕೊನೆಯ ಡೋಸ್ ಆಗಿ ಒಂದೆರಡು ತಿಂಗಳಿಗೆ ಆಂಟಿ-ಎಚ್‌ಬಿಎಸ್ (ಲಸಿಕೆಯಿಂದ ಹುಟ್ಟಿದ ಆಂಟಿಬಾಡಿ) ಮಟ್ಟ ನೋಡಿಸಬೇಕು. ಮಿಲಿಲೀಟರಿಗೆ 10 ಮಿಲಿ ಅಂತರರಾಷ್ಟ್ರೀಯ ಯೂನಿಟ್ ಅಥವಾ ಹೆಚ್ಚು ಇದ್ದರೆ ಸರಿ. ರಿಪೋರ್ಟ್‌ನಲ್ಲಿ ಯಾವ ಮಾನದಲ್ಲಿ ಬರೆದಿದ್ದಾರೆ ಅಂತ ನೋಡಿಕೊಳ್ಳಿ. ಚಿಕ್ಕಂದಿನಲ್ಲಿ ಹಾಕಿಸಿದ ಕಾರ್ಡ್ ಮನೆಯಲ್ಲಿದ್ದರೆ ಹುಡುಕಿ, ಮೂರೂ ಡೋಸ್ ದಾಖಲಾಗಿದ್ದರೆ ಮೊದಲು ಮಟ್ಟವನ್ನಷ್ಟೇ ಪರೀಕ್ಷಿಸಿ, ಕಡಿಮೆ ಬಂದರೆ ಒಂದು ಬೂಸ್ಟರ್ ಹಾಕಿಸಿ ಮತ್ತೆ ನೋಡುತ್ತಾರೆ.