ಎಡಿನ್‌ಬರೋದಲ್ಲಿ ಮೂರು ದಿನ: ಮಂಡಿ ನೋವಿನ ತಂದೆ, ಸಸ್ಯಾಹಾರಿ ತಾಯಿ

ಪ್ರಶ್ನೆ (ಮೈಸೂರಿನ ಸದಸ್ಯರು):
ಮೇಡಂ, ನಮಸ್ಕಾರ. ಮೇ ತಿಂಗಳಲ್ಲಿ ಲಂಡನ್ನಿನ ತಂಗಿಯ ಮನೆಗೆ ಹೋಗುತ್ತಿದ್ದೇವೆ. ಅಲ್ಲಿಂದ ರೈಲಿನಲ್ಲಿ ಎಡಿನ್‌ಬರೋಗೆ ಬಂದು ಮೂರು ದಿನ ಇರುವ ಯೋಚನೆಯಿದೆ. ಜೊತೆಗೆ ಅಪ್ಪ, ಅಮ್ಮ ಇರುತ್ತಾರೆ. ಅಪ್ಪನಿಗೆ ಮಂಡಿ ನೋವು. ಅಮ್ಮ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ನಕ್ಷೆಯಲ್ಲಿ ಕೋಟೆ, ಅರಮನೆ, ಮ್ಯೂಸಿಯಂ ಎಲ್ಲವೂ ಒಂದು ಮೈಲಿಯ ಆಸುಪಾಸಿನಲ್ಲೇ ಕಾಣುತ್ತವೆ. ನಡೆದೇ ನೋಡಬಹುದಲ್ಲವೇ? ಊಟಕ್ಕೆ ಏನು ಮಾಡುವುದು?

ಉತ್ತರ (ಪ್ರವಾಸಿ ಮಾರ್ಗದರ್ಶಿ, ಎಡಿನ್‌ಬರೋ):
ನಮಸ್ಕಾರ. ನಕ್ಷೆ ದೂರವನ್ನು ತೋರಿಸುತ್ತದೆ, ಏರನ್ನು ತೋರಿಸುವುದಿಲ್ಲ. ಈ ಊರಿನಲ್ಲಿ ಮಂಡಿಗೆ ಕಷ್ಟ ಕೊಡುವುದು ಏರು. ಕೋಟೆ ನಿಂತಿರುವುದು ಆರಿಹೋದ ಜ್ವಾಲಾಮುಖಿಯ ಬಂಡೆಯ ಮೇಲೆ. ಅಲ್ಲಿಂದ ಪೂರ್ವಕ್ಕೆ ಒಂದು ದಿಣ್ಣೆ ಇಳಿಯುತ್ತಾ ಹೋಗಿ ಹೋಲಿರೂಡ್ ಅರಮನೆಯ ಬಳಿ ಮುಗಿಯುತ್ತದೆ. ಆ ದಿಣ್ಣೆಯ ಬೆನ್ನಿನ ಮೇಲಿನ ಬೀದಿಯೇ ರಾಯಲ್ ಮೈಲ್. ಎರಡು ಪಕ್ಕೆಗಳಲ್ಲಿ ‘ಕ್ಲೋಸ್’ ಎಂಬ ಓಣಿಗಳು ಮೆಟ್ಟಿಲುಮೆಟ್ಟಿಲಾಗಿ ಇಳಿಯುತ್ತವೆ. ಇನ್ನೊಂದು ಮೋಸವೂ ಇದೆ. ನಾಲ್ಕನೆಯ ಜಾರ್ಜ್ ದೊರೆಯ ಹೆಸರಿನ ಸೇತುವೆ ಮತ್ತು ಕೌಗೇಟ್ ಬೀದಿ ನಕ್ಷೆಯಲ್ಲಿ ಒಂದನ್ನೊಂದು ಕತ್ತರಿಸುತ್ತವೆ. ವಾಸ್ತವದಲ್ಲಿ ಒಂದು ಮೇಲೆ, ಇನ್ನೊಂದು ಹಲವು ಅಂತಸ್ತು ಕೆಳಗೆ. ಮೊಬೈಲ್ ಹೇಳುವ ‘ಎರಡು ನಿಮಿಷ’ದ ನಡುವೆ ಒಂದು ಕಡಿದಾದ ಮೆಟ್ಟಿಲ ಸಾಲೇ ಇರಬಹುದು.

ಹಾಗಾಗಿ ನನ್ನ ಸಲಹೆ ಒಂದೇ: ಟ್ಯಾಕ್ಸಿಯಲ್ಲಿ ಹತ್ತಿ, ನಡೆದು ಇಳಿಯಿರಿ. ಬೆಳಿಗ್ಗೆ ಕೋಟೆಯ ಹತ್ತಿರ ಇಳಿದುಕೊಂಡರೆ ಉಳಿದ ದಿನವೆಲ್ಲ ದಾರಿ ಇಳಿಜಾರಾಗಿಯೇ ಇರುತ್ತದೆ. ಇಳಿಯುವಾಗಲೇ ಮಂಡಿ ಹೆಚ್ಚು ನೋಯುವುದಾದರೆ ಸೇಂಟ್ ಜೈಲ್ಸ್ ಚರ್ಚಿನ ತನಕ ಮಾತ್ರ ನಡೆದು, ಅರಮನೆಯನ್ನು ಇನ್ನೊಂದು ದಿನಕ್ಕೆ ಇಟ್ಟುಕೊಳ್ಳಿ. ಬಸ್ಸಿನಲ್ಲಿ ನಗದು ಕೊಟ್ಟರೆ ಚಿಲ್ಲರೆ ವಾಪಸು ಸಿಗುವುದಿಲ್ಲ. ಕಾರ್ಡ್ ತಾಗಿಸಿ. ಪ್ರತಿ ಸಲವೂ ಅದೇ ಕಾರ್ಡ್ ಬಳಸಿದರೆ ದಿನದ ಗರಿಷ್ಠ ಮೊತ್ತ ದಾಟಿದ ಮೇಲೆ ಹಣ ಕಡಿತವಾಗುವುದಿಲ್ಲ.

ಪ್ರಶ್ನೆ (ಅವರೇ):
ಕೋಟೆಯೊಳಗೂ ಏರು ಇದೆಯೇ? ಅಪ್ಪನನ್ನು ಹೊರಗೆ ಕೂರಿಸಿ ನಾವಷ್ಟೇ ಹೋಗಿಬರಲು ಮನಸ್ಸಿಲ್ಲ.

ಉತ್ತರ:
ಕೂರಿಸಬೇಡಿ. ಒಳಗೆ ಕಲ್ಲುಹಾಸಿನ ಏರುದಾರಿ ಇರುವುದು ನಿಜ. ಆದರೆ ನಡೆಯಲು ಕಷ್ಟವಿರುವವರಿಗಾಗಿ ಕೋಟೆಯವರದೇ ವಾಹನವಿದೆ. ಟಿಕೆಟ್ ಕಾದಿರಿಸುವಾಗಲೇ ಅದು ಆ ದಿನ ಓಡುತ್ತದೆಯೇ ಎಂದು ಕೇಳಿಕೊಳ್ಳಿ. ಟಿಕೆಟ್‌ಗೆ ಹೊತ್ತು ನಿಗದಿಯಾಗಿರುತ್ತದೆ, ಮುಂಚಿತವಾಗಿ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳುವುದು ಜಾಣತನ.

ಮೇಲಿರುವ ಸೇಂಟ್ ಮಾರ್ಗರೆಟ್ ಗುಡಿ ಹನ್ನೆರಡನೆಯ ಶತಮಾನದ್ದು, ಊರಿನಲ್ಲಿ ಉಳಿದಿರುವ ಕಟ್ಟಡಗಳಲ್ಲೇ ಹಳೆಯದು. ಅದರ ಹೊರಗೆ ‘ಮಾನ್ಸ್ ಮೆಗ್’ ಎಂಬ ದೈತ್ಯ ಫಿರಂಗಿ ಇದೆ. 1457ರಲ್ಲಿ ಸ್ಕಾಟ್ಲೆಂಡಿನ ಎರಡನೆಯ ಜೇಮ್ಸ್ ದೊರೆಗೆ ಬಂದ ಉಡುಗೊರೆ ಅದು. ಪಟ್ಟಾಭಿಷೇಕದ ‘ವಿಧಿಶಿಲೆ’ಯನ್ನು (ಸ್ಟೋನ್ ಆಫ್ ಡೆಸ್ಟಿನಿ) ಹಳೆಯ ಕೈಪಿಡಿಗಳನ್ನು ನಂಬಿ ಇಲ್ಲಿ ಹುಡುಕಬೇಡಿ, 2024ರಲ್ಲಿ ಅದು ಸ್ಕಾಟ್ಲೆಂಡಿನದೇ ಆದ ಪರ್ತ್ ಊರಿನ ಮ್ಯೂಸಿಯಂಗೆ ಹೋಯಿತು.

ಮಧ್ಯಾಹ್ನ ಒಂದಕ್ಕೆ ಅಲ್ಲಿರುವಂತೆ ನೋಡಿಕೊಳ್ಳಿ, ತೋಪು ಹಾರಿಸುತ್ತಾರೆ. ಬಂದರಿನ ಹಡಗುಗಳು ಗಡಿಯಾರ ಸರಿಪಡಿಸಿಕೊಳ್ಳಲೆಂದು ಮೊದಲು ಕಾಲ್ಟನ್ ಗುಡ್ಡದ ಗೋಪುರದ ಮೇಲಿನಿಂದ ಒಂದು ಚೆಂಡನ್ನು ಇಳಿಸುತ್ತಿದ್ದರು. ಮಂಜು ಕವಿದಾಗ ಚೆಂಡು ಕಾಣುವುದೇ? 1861ರಿಂದ ತೋಪೂ ಬಂತು. ಭಾನುವಾರ, ಗುಡ್ ಫ್ರೈಡೇ, ಕ್ರಿಸ್‌ಮಸ್ ದಿನ ಅದಕ್ಕೆ ರಜೆ.

ನಿಮ್ಮ ತಂದೆಯವರಿಗೆ ಹೇಳಿ ಮಾಡಿಸಿದ ಜಾಗ ಚೇಂಬರ್ಸ್ ಬೀದಿಯ ರಾಷ್ಟ್ರೀಯ ಮ್ಯೂಸಿಯಂ. ಪ್ರವೇಶ ಉಚಿತ, ಲಿಫ್ಟ್ ಇದೆ. ತದ್ರೂಪಿ ಕುರಿ ಡಾಲಿ ಗಾಜಿನ ಪೆಟ್ಟಿಗೆಯಲ್ಲಿ ನಿಂತಿದೆ. ಲಿಫ್ಟಿನಲ್ಲೇ ಮಹಡಿಯ ತಾರಸಿಗೆ ಹೋದರೆ ಕೋಟೆಯೂ 251 ಮೀಟರ್ ಎತ್ತರದ ಆರ್ಥರ್ಸ್ ಸೀಟ್ ಬೆಟ್ಟವೂ ಎದುರಿಗೇ ಕಾಣುತ್ತವೆ. ಬೆಟ್ಟ ಹತ್ತಿದ ಅರ್ಧ ಪುಣ್ಯ ಅಲ್ಲೇ ಸಿಗುತ್ತದೆ. ಕಾದಂಬರಿಕಾರ ವಾಲ್ಟರ್ ಸ್ಕಾಟ್ ಸ್ಮಾರಕದ 287 ಮೆಟ್ಟಿಲುಗಳನ್ನು ಮಾತ್ರ ಕೆಳಗಿನಿಂದಲೇ ನೋಡಿ ನಮಸ್ಕರಿಸಿ.

ಇನ್ನು ಊಟ. ಅಮ್ಮನವರು ಇಲ್ಲಿ ಉಪವಾಸ ಬೀಳುವುದಿಲ್ಲ. ಆದರೆ ‘ಮಾಂಸ ಹಾಕಿದ್ದೀರಾ’ ಎಂದಷ್ಟೇ ಕೇಳಿದರೆ ಸಾಲದು. ಬೇಳೆಯ ಸೂಪ್ ನೋಡಲು ನಮ್ಮ ತೊವ್ವೆಯಂತೆಯೇ ಇರುತ್ತದೆ, ಸಂಪ್ರದಾಯದಂತೆ ಮಾಡಿದರೆ ಅದಕ್ಕೆ ಹಂದಿಮಾಂಸ ಬೇಯಿಸಿದ ನೀರು. ಆಲೂಗಡ್ಡೆ ಚಿಪ್ಸನ್ನು ಅನೇಕ ಮೀನಂಗಡಿಗಳಲ್ಲಿ ದನದ ಕೊಬ್ಬಿನಲ್ಲಿ ಕರಿಯುತ್ತಾರೆ. ಬೆಳಗಿನ ತಿಂಡಿಯ ಆಲೂಗಡ್ಡೆ ಸ್ಕೋನ್‌ನಲ್ಲಿ (ಚಪ್ಪಟೆ ರೊಟ್ಟಿ) ಮಾಂಸವಿಲ್ಲ, ಆದರೆ ಬೇಕನ್ (ಹಂದಿಮಾಂಸ) ಹುರಿದ ಕಾವಲಿಯ ಮೇಲೆಯೇ ಅದನ್ನೂ ಕಾಯಿಸಿರಬಹುದು. ಆದ್ದರಿಂದ ಕೇಳಬೇಕಾದ ಪ್ರಶ್ನೆಗಳು: ಸೂಪಿಗೆ ಯಾವ ಸ್ಟಾಕ್, ಅಂದರೆ ಏನನ್ನು ಬೇಯಿಸಿದ ನೀರು? ಕರಿದದ್ದು ಯಾವ ಎಣ್ಣೆಯಲ್ಲಿ? ಮೊಟ್ಟೆಯೂ ಬೇಡವಾದ್ದರಿಂದ ‘ವೀಗನ್’ ಎಂದು ಗುರುತಿರುವ ತಿನಿಸು ಅತ್ಯಂತ ಸುಲಭದ ದಾರಿ, ಹಾಲು-ತುಪ್ಪ ಬಿಟ್ಟುಹೋಗುತ್ತದೆ ಅಷ್ಟೇ.

ಹ್ಯಾಗಿಸ್ ಎಂದರೆ ಕುರಿಯ ಹೃದಯ, ಯಕೃತ್ತು, ಶ್ವಾಸಕೋಶಗಳನ್ನು ಓಟ್ಸ್, ಈರುಳ್ಳಿಯೊಂದಿಗೆ ಬೇಯಿಸಿದ್ದು. ಅದರ ಸಸ್ಯಾಹಾರಿ ರೂಪವನ್ನು 1984ರಲ್ಲಿ ಮಾರುಕಟ್ಟೆಗೆ ತಂದವರು ಇದೇ ಊರಿನ ಮಾಂಸದ ವ್ಯಾಪಾರಿಗಳಾದ ಮ್ಯಾಕ್‌ಸ್ವೀನ್ ಮನೆತನದವರು! ಕಾಳು, ಬೇಳೆ, ಓಟ್ಸ್, ತರಕಾರಿ, ಮೇಲೆ ಮೆಣಸಿನ ಖಾರ. ಹಳದಿ ಟರ್ನಿಪ್ ಮತ್ತು ಆಲೂಗಡ್ಡೆಯನ್ನು ಅರೆದು ಪಕ್ಕದಲ್ಲಿ ಬಡಿಸುತ್ತಾರೆ. ನಮ್ಮವರ ನಾಲಿಗೆಗೆ ಈ ಊರಿನಲ್ಲಿ ಬೇಗ ಒಗ್ಗುವುದು ಇದೇ ಎಂದು ನನ್ನ ಅನಿಸಿಕೆ. ಸಿಹಿಗೆ ‘ಟ್ಯಾಬ್ಲೆಟ್’ ಕೊಳ್ಳಿ. ಸಕ್ಕರೆ, ಬೆಣ್ಣೆ, ಕಂಡೆನ್ಸ್ಡ್ ಹಾಲು, ಬೇರೇನಿಲ್ಲ. ಮೀನು ತಿನ್ನುವವರು ನಿಮ್ಮಲ್ಲಿದ್ದರೆ ‘ಕಲನ್ ಸ್ಕಿಂಕ್’ ತಪ್ಪಿಸಿಕೊಳ್ಳಬಾರದು: ಹೊಗೆಯಾಡಿಸಿದ ಹ್ಯಾಡಕ್ ಮೀನು, ಹಾಲು, ಆಲೂಗಡ್ಡೆಯ ಗಟ್ಟಿ ಸೂಪ್.

ಒಂದು ಎಚ್ಚರಿಕೆ: ಮೇನಲ್ಲಿ ರಾತ್ರಿ ಒಂಬತ್ತಕ್ಕೂ ಬೆಳಕಿರುತ್ತದೆ. ಬೆಳಕು ನೋಡಿ ಊಟಕ್ಕೆ ತಡಮಾಡಿದರೆ ಅನೇಕ ಪಬ್‌ಗಳ ಅಡುಗೆಮನೆ ಮುಚ್ಚಿರುತ್ತದೆ. ಏಳಕ್ಕೆ ಮೇಜು ಕಾದಿರಿಸಿ. ಮದ್ಯ ಮಾರುವ ಪರವಾನಗಿಯ ಹೋಟೆಲುಗಳು ಕುಡಿಯಲು ನಲ್ಲಿ ನೀರನ್ನು ಉಚಿತವಾಗಿ ಕೊಡಲೇಬೇಕು, ಬಾಟಲಿ ಕೊಳ್ಳುವ ಅಗತ್ಯವಿಲ್ಲ.

ಪ್ರಶ್ನೆ (ಶಿವಮೊಗ್ಗದ ಸದಸ್ಯರು):
ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನಾನು ಸಸ್ಯಶಾಸ್ತ್ರದ ಅಧ್ಯಾಪಕ. ಅಲ್ಲಿನ ಸಸ್ಯೋದ್ಯಾನಕ್ಕೆ ಅರ್ಧ ದಿನ ಕೊಡಬಹುದೇ?

ಉತ್ತರ:
ಸರ್, ಶಿವಮೊಗ್ಗದವರಾಗಿ ನೀವು ಹೋಗದಿದ್ದರೆ ಇನ್ನಾರು ಹೋಗಬೇಕು! ಎಡಿನ್‌ಬರೋದಲ್ಲಿ ವೈದ್ಯಶಾಸ್ತ್ರ ಓದಿದ ಹ್ಯೂ ಕ್ಲೆಗಾರ್ನ್ 1840ರ ದಶಕದಲ್ಲಿ ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದರು. ಅಲ್ಲಿ ಮರಾಠಾ ಕಲಾವಿದರೊಬ್ಬರಿಂದ ಸುತ್ತಲಿನ ಗಿಡಗಳ ಚಿತ್ರ ಬರೆಸಿದರು. ನಂತರ ಮದ್ರಾಸಿನ ಅರಣ್ಯ ಇಲಾಖೆಯ ಮೊದಲ ಮುಖ್ಯಸ್ಥರಾದರು. ಆ ಚಿತ್ರಗಳು ಇಂದು ಈ ಉದ್ಯಾನದ ಸಂಗ್ರಹದಲ್ಲಿವೆ. ಗೋಡೆಯ ಮೇಲೆ ತೂಗುಹಾಕಿರುವುದಿಲ್ಲ, ನೋಡಬೇಕೆಂದರೆ ಗ್ರಂಥಾಲಯಕ್ಕೆ ಮೊದಲೇ ಪತ್ರ ಬರೆಯಬೇಕು. ತೋಟಕ್ಕೆ ಪ್ರವೇಶ ಉಚಿತ. ಮೇನಲ್ಲಿ ರೋಡೊಡೆಂಡ್ರಾನ್ ಹೂಗಳ ಕಾಲ. ಗಾಜಿನ ಮನೆಗಳ ಜೀರ್ಣೋದ್ಧಾರ ಕೈಗೊಂಡಿರುವುದರಿಂದ ಅವು ತೆರೆದಿವೆಯೇ ಎಂದು ನೋಡಿಕೊಂಡು ಹೊರಡಿ.

ಪ್ರಶ್ನೆ (ಬೆಂಗಳೂರಿನ ಸದಸ್ಯರು):
ನಮಗೆ ಆಗಸ್ಟಿನಲ್ಲಿ ಮಾತ್ರ ರಜೆ. ಪರವಾಗಿಲ್ಲವೇ?

ಉತ್ತರ:
1947ರಿಂದ ನಡೆಯುತ್ತಿರುವ ಕಲೋತ್ಸವಗಳ ತಿಂಗಳು ಅದು. ನಾಟಕ, ಹಾಸ್ಯ, ಸಂಗೀತ ಬೇಕೆಂದರೆ ಧಾರಾಳವಾಗಿ ಬನ್ನಿ. ಊರು ನೋಡುವುದಷ್ಟೇ ಉದ್ದೇಶವಾದರೆ ಬೇಡ. ಕೋಣೆಗಳ ಬಾಡಿಗೆ ವಿಪರೀತ ಏರುತ್ತದೆ, ರಾಯಲ್ ಮೈಲ್‌ನಲ್ಲಿ ಕಾಲಿಡಲು ಜಾಗವಿರುವುದಿಲ್ಲ.

ಪ್ರಶ್ನೆ (ಮೈಸೂರಿನ ಸದಸ್ಯರು):
ಧನ್ಯವಾದ ಮೇಡಂ. ಕೊನೆಯದಾಗಿ, ಹೋಟೆಲನ್ನು ಎಲ್ಲಿ ಹಿಡಿಯಲಿ? ಹಳೆಯ ಪಟ್ಟಣದಲ್ಲಿ ಇರಬೇಕೆಂದು ಅಮ್ಮನಿಗೆ ಆಸೆ.

ಉತ್ತರ:
ಅಮ್ಮನವರನ್ನು ಒಪ್ಪಿಸಿ ಹೊಸ ಪಟ್ಟಣದಲ್ಲಿ ಹಿಡಿಯಿರಿ. ಹೊಸದು ಎಂದರೂ 1767ರ ಯೋಜನೆ, ಬೀದಿಗಳು ನೇರ, ಅಗಲ. ಜಾರ್ಜ್ ಬೀದಿಯಿಂದ ಉತ್ತರಕ್ಕೆ ಇಳಿಜಾರು ಶುರುವಾಗುತ್ತದೆ, ಅದಕ್ಕಿಂತ ಕೆಳಗೆ ಹೋಗಬೇಡಿ. ಕಾದಿರಿಸುವ ಮುನ್ನ ‘ಲಿಫ್ಟ್ ಇದೆಯೇ’ ಎಂದು ಬರಹದಲ್ಲಿ ಉತ್ತರ ಪಡೆಯಿರಿ. ಹಳೆಯ ಕಲ್ಲಿನ ಮನೆಗಳನ್ನೇ ಹೋಟೆಲು ಮಾಡಿರುವ ಕಡೆ ಅದು ಇರುವುದು ಅಪರೂಪ.